ಗುಲಾಬಿ ಹೊಂಡಕ್ಕೆ ನೀರು

ತೂಬಿನ ಕಟ್ಟೆಯ ಮೇಲೆ ಇಟ್ಟಿದ್ದ ಐದು ಮಣ್ಣಿನ ಹೆಂಟೆಗಳಲ್ಲಿ ನಾಲ್ಕು ಆಗಲೇ ಹೋಗಿದ್ದವು. ಉಳಿದದ್ದು ಅಯ್ಯಮ್ಮನದೊಂದೇ. ಬೆಳಿಗ್ಗೆ ಸಲಿಕೆ ಹೆಗಲಿಗೇರಿಸಿ ಹೊಲಕ್ಕೆ ಹೊರಟವಳು ಅದನ್ನು ಕಂಡು ಅಲ್ಲೇ ನಿಂತಳು. 

ಕೆಂಪಗುಡ್ಡಕ್ಕೆ ಕಾಲುವೆ ಬಂದ ವರ್ಷದಿಂದ ನಡೆದು ಬಂದ ಪದ್ಧತಿ ಅದು. ವಾರದಲ್ಲಿ ಐದು ದಿನ ಮೇಲಿನ ಹೊಲದವರ ಪಾಳಿ, ಎರಡು ದಿನ ಕೊನೆಯ ಹೊಲದವರದು. ಕೊನೆಯವರ ಪಾಳಿಯಲ್ಲಿ ಊರ ಪಕ್ಕದ ತೂಬು ಮುಚ್ಚಿರಬೇಕು. ಅದು ತೆರೆದರೆ ಕೆಳಗೆ ಒಂದು ಹನಿಯೂ ಇಳಿಯುವುದಿಲ್ಲ. ಆದ್ದರಿಂದ ಪಾಳಿ ಇದ್ದ ಐದು ಮನೆಯವರೂ ತಮ್ಮ ಹೊಲದ ಒಂದೊಂದು ಹೆಂಟೆ ಮಣ್ಣು ತಂದು ಮುಚ್ಚಿದ ತೂಬಿನ ಮೇಲೆ ಇಡುತ್ತಿದ್ದರು. ಇಟ್ಟವರೇ ತೆಗೆಯಬೇಕು. ಒಂದು ಹೆಂಟೆ ಇರುವ ತನಕವೂ ನೀರಗಂಟಿ ಮೈನುದ್ದೀನ ತೂಬಿನ ಚಾವಿಗೆ ಕೈ ಹಚ್ಚುವವನಲ್ಲ. ಕಾಗದ ನಂಬದ ಊರು ಮಣ್ಣನ್ನು ನಂಬಿತ್ತು.

ಪಕ್ಕದ ಹೊಲದ ಶರೀಫಾಬೀ ಹೊಸ ಸೀರೆಯುಟ್ಟು ಎದುರಿಗೆ ಬಂದಳು. ಕಣ್ಣು ತಪ್ಪಿಸಿ ಹೋಗಬೇಕೆಂದಿದ್ದವಳಿಗೆ ದಾರಿ ಇಕ್ಕಟ್ಟಾಯಿತು.

“ಸೀರಿ ಚಲೋ ಅದ,” ಅಂದಳು ಅಯ್ಯಮ್ಮ.

“ಉತ್ಸವದ ಕಮಿಟಿಯವರು ಕೊಟ್ಟಾರಕ್ಕ. ಒಲ್ಲೆ ಅಂದ್ರ ನಮ್ಮ ಮನಿಯವರು ಕೇಳಬೇಕಲ್ಲ. ಉತ್ಸವದಾಗ ಊಟಾನೂ ಅದ ಅಂತಾರ.”

“ಶೇಂಗಾಕ್ಕೂ ಊಟ ಹಾಕ್ತಾರೇನು ಕೇಳಿದಿ?”

ಶರೀಫಾಬೀ ಸೆರಗು ಸರಿಮಾಡಿಕೊಂಡು ಹೋದಳು. ಶೇಂಗಾದ ಹೂವಿನಿಂದ ಹೊರಟ ಸೂಜಿ ಮಣ್ಣಿಗಿಳಿದು ಕಾಯಿ ಕಟ್ಟುವ ಹೊತ್ತು ಇದು. ಈ ಪಾಳಿ ತಪ್ಪಿದರೆ ಮುಂದಿನದು ಏಳು ದಿನಕ್ಕೆ. ಅಷ್ಟರಲ್ಲಿ ನೆಲ ಕಲ್ಲಾಗಿ, ಬಳ್ಳಿ ಹಸಿರಾಗಿದ್ದರೂ ಕೆಳಗೆ ಕಾಯಿ ಇರುವುದಿಲ್ಲ. ಇದು ಅವಳಿಗೂ ಗೊತ್ತು, ಇವಳಿಗೂ ಗೊತ್ತು.

ಆ ಎರಡು ದಿನದ ನೀರು ಬೇಕಾಗಿದ್ದುದು ಗುಲಾಬಿ ಹೊಂಡಕ್ಕೆ. ವಾಡೆಯ, ಅಂದರೆ ದೊರೆಯ ಅರಮನೆಯ, ಹಿಂದಿನ ಕಲ್ಲಿನ ಹೊಂಡ. ರಜಾಕಾರರ ಗದ್ದಲದ ಮುಂಚೆ ಕೆಂಪಗುಡ್ಡದ ದೊರೆ ತನ್ನ ಮೂವತ್ತೆರಡು ಹೆಂಗಸರೊಂದಿಗೆ ನೀರಾಟವಾಡುತ್ತಿದ್ದ ಜಾಗ. ಐವತ್ತು ವರ್ಷ ಮುಳ್ಳುಜಾಲಿ ಬೆಳೆದು ಹಾವು ಮಲಗಿದ್ದ ಅದನ್ನು ಹೈದರಾಬಾದಿನಲ್ಲಿದ್ದ ದೊರೆಯ ಮೊಮ್ಮಗ ಬಂದು ಕಡಿಸಿದ್ದ, ಸುಣ್ಣ ಬಳಿಸಿದ್ದ. ‘ಕೆಂಪಗುಡ್ಡ ವೈಭವ’ ಎಂಬ ಉತ್ಸವ. ಅದೇ ಹೆಸರಿನ ಪುಸ್ತಕ. ಪುಸ್ತಕ ಬರೆದವರು ರಿಟೈರಾದ ಭೀಮರಾಯ ಮಾಸ್ತರರು. ಬರೆಯಿಸಿದವಳು ಮಾತ್ರ ಅಯ್ಯಮ್ಮನ ಅವ್ವ, ಮಾನಮ್ಮ.

ಎಪ್ಪತ್ತೈದು ದಾಟಿದ ಮಾನಮ್ಮ ಗಂಡ ಸತ್ತ ಮೇಲೆ ಮಗಳ ಮನೆಯಲ್ಲೇ ಇದ್ದಳು. ಹುಡುಗಿಯಿದ್ದಾಗ ವಾಡೆಗೆ ನೀರು ಹೊತ್ತವಳು. ಕಟ್ಟೆಗೆ ಕುಳಿತು ಬಾಯಿ ಬಿಟ್ಟಳೆಂದರೆ ಓಣಿ ಸೇರುತ್ತಿತ್ತು. ದೊರೆಯ ಗಿಳಿಗೆ ಮದುವೆ ಮಾಡಿ ಐದು ಹಳ್ಳಿಗೆ ಹೋಳಿಗೆ ಊಟ ಹಾಕಿದ್ದು. ದೊರೆಯ ನಾಯಿ ಬನಾರಸದ ಗಾದಿಯ ಮೇಲೆ ಮಲಗುತ್ತಿದ್ದುದು. ಶಿವರಾತ್ರಿಯಿಂದ ಯುಗಾದಿಯ ತನಕ ದಿನವೂ ಹೊಂಡ ಬರಿದು ಮಾಡಿ ಹೊಸ ನೀರು ತುಂಬಿಸುತ್ತಿದ್ದುದು. ಹೈದರಾಬಾದಿನಿಂದ ರೈಲಿನಲ್ಲಿ ಯಾದಗಿರಿ ಸ್ಟೇಶನ್ನಿಗೆ ಗುಲಾಬಿಯ ಬುಟ್ಟಿ, ಅಲ್ಲಿಂದ ಬಂಡಿಯಲ್ಲಿ, ಒದ್ದೆ ಅರಿವೆ ಹೊದಿಸಿ. ಸೋಮವಾರ ಮೂವತ್ತೆರಡು ಹಸಿರು ಸೀರೆ, ಮಂಗಳವಾರ ಮೂವತ್ತೆರಡು ಕೆಂಪು. ಹೇಳುವಾಗ ಮುದುಕಿಯ ಕಣ್ಣು ಹೊಳೆಯುತ್ತಿದ್ದವು.

ಅಯ್ಯಮ್ಮನಿಗೆ ಆ ಹೊಳಪು ಕಂಡರೆ ಆಗುತ್ತಿರಲಿಲ್ಲ. ಮೂವತ್ತೆರಡು ಸೀರೆಯ ಬಣ್ಣ ನೆನಪಿಟ್ಟುಕೊಂಡ ಅವ್ವ ತನ್ನ ಮಗಳನ್ನು ಒಂದು ದಿನ ಕೂಡ್ರಗೊಟ್ಟಿರಲಿಲ್ಲ. “ನಿಂದರಬ್ಯಾಡ. ಕುಂದರಬ್ಯಾಡ. ಕೈ ಆಡಲಿ.” ಇದನ್ನು ಕೇಳುತ್ತಲೇ ಅಯ್ಯಮ್ಮ ಬೆಳೆದದ್ದು. ಮೊದಲ ಹೆರಿಗೆಯಾಗಿ ಹನ್ನೊಂದು ದಿನಕ್ಕೆ ಕಳೆ ಕೀಳಲು ಅಟ್ಟಿದಳು. ರಕ್ತ ಇಳಿದು ಸೀರೆ ಒದ್ದೆಯಾಗಿದ್ದರೂ ಬದುವಿನ ಮೇಲೆ ಕುಂತ ಮಗಳನ್ನು ಕಂಡು ದೂರದಿಂದಲೇ ಕೂಗಿದ್ದಳು. ಆ ಕೂಗು ಅಯ್ಯಮ್ಮನ ಕಿವಿಯಲ್ಲಿ ಮೂವತ್ತು ವರ್ಷದಿಂದ ಇದೆ. ದೊರೆಯ ಹೆಂಗಸರು ನೀರಿನಲ್ಲಿ ಆಡಿದರೆ ಚೆಂದ, ಹಡೆದ ಮಗಳು ಬದುವಿನಲ್ಲಿ ಕುಂತರೆ ತಪ್ಪು. ಎಂಥ ಹೆಂಗಸು ಇವಳು ಎಂದು ಅವಳು ಮನಸ್ಸಿನಲ್ಲೇ ಬೈದುಕೊಳ್ಳದ ದಿನವಿರಲಿಲ್ಲ.

ಹೊಲದ ದಾರಿ ಬಿಟ್ಟು ಮನೆಗೆ ತಿರುಗಿ ಬಂದಾಗ ಭೀಮರಾಯ ಮಾಸ್ತರರು ಚಹಾ ಕುಡಿಯುತ್ತಿದ್ದರು. ಅವ್ವ ಇಳಕಲ್ ಸೀರೆ ಉಟ್ಟು ತಯಾರಾಗಿದ್ದಳು.

“ಬಾರವ್ವ,” ಅಂದರು ಮಾಸ್ತರರು. “ಆಯಿಯನ್ನ ಕರ್ಕೊಂಡು ಹೋಗಾಕ ಬಂದೀನಿ. ನಾಳೆ ಮೊದಲನೇ ಕೊಡ ನೀರು ಹೊಂಡಕ್ಕ ಹಾಕೋದು ಆಯೀನೇ. ಶಾಲು ಹೊದಸ್ತಾರ. ವಾಡೆದ ನೀರು ಹೊತ್ತವರಾಗ ಉಳಿದಾಕಿ ಇಕಿ ಒಬ್ಬಾಕಿನೇ.”

“ಒಂದು ಕೊಡ ಹಾಕಿದ್ರ ಹೊಂಡ ತುಂಬತದೇನ್ರಿ ಸರ?”

“ಉಳಿದದ್ದಕ್ಕ ಕೆನಾಲ ಅದಲ್ಲ. ನಾಕ್ ಮಂದಿ ಒಪ್ಪ್ಯಾರ. ನಿಂದೊಂದು ಹೆಂಟಿ…”

“ನಾಕ್ ಮಂದಿಗೆ ಸೀರಿ ಸಾಕಾಗ್ಯಾವ. ನನಗ ನೀರ ಬೇಕು.”

ಮಾಸ್ತರರು ಬಸಿ ಕೆಳಗಿಟ್ಟು ಅವ್ವನ ಕಡೆ ನೋಡಿದರು. ಅದಕ್ಕೇ ಬಂದಿದ್ದರು.

“ಬಿಡ, ಅಯ್ಯಮ್ಮ,” ಅಂದಳು ಮಾನಮ್ಮ. “ಎರಡು ದಿನದ ಮಾತು. ದೊರಿ ಮನಿತನ ತಾನಾಗಿ ಕೇಳಾಕತ್ತದ.”

“ಅವರು ಎಂದರ ಕೇಳ್ಯಾರೇನು? ತಾವಾಗೇ ತಗೊಂಡಾರ.”

“ಬಾಯಿ ಬಾಳ ಆತು ನಿಂದು.”

“ನಿನ್ನ ಬಾಯಿಂದನ ಆಗ್ಯಾದ ಇದೆಲ್ಲ. ನೀ ಗಿಳಿ ಮದಿವಿ ಹೇಳಿದಿ, ಇವರು ಬರದ್ರು. ಈಗ ನನ್ನ ಹೊಲದ ನೀರಿನಾಗ ದೊರಿ ಹೆಣ ತೊಳೀತಾರ.”

ಮಾಸ್ತರರು ಎದ್ದು ನಿಂತರು. ಮಾನಮ್ಮನೂ ಎದ್ದಳು. ಮುದುಕಿಯನ್ನು ಒಬ್ಬಳನ್ನೇ ಕಳಿಸಿದರೆ ಏನು ಒಪ್ಪಿಕೊಂಡು ಬರುವಳೋ ಎಂದು ಅಯ್ಯಮ್ಮ ಸಲಿಕೆ ಗೋಡೆಗಿಟ್ಟು ಹಿಂದೆಯೇ ನಡೆದಳು.

ಹೊಂಡದ ಸುತ್ತ ತಂತಿಗೆ ಪ್ಲಾಸ್ಟಿಕ್ ಗುಲಾಬಿ ಕಟ್ಟಿದ್ದರು. ನಿಜವಾದವು ನಾಳೆ ಬರುತ್ತವಂತೆ. ಹೊಂಡಕ್ಕಿಳಿಯುವ ಸುಣ್ಣ ಬಳಿದ ಪಾವಟಿಗೆಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ಪಕ್ಕದ ಮಂಟಪದಲ್ಲಿ ಮೇಜು ಹಾಕಿ ಗಾಜಿನ ಪೆಟ್ಟಿಗೆಗಳಲ್ಲಿ ವಾಡೆಯ ಸಾಮಾನು ಜೋಡಿಸಿದ್ದರು: ಅತ್ತರಿನ ಬಾಟಲಿ, ಹುಕ್ಕಾ, ಗಿಳಿಯ ಬೆಳ್ಳಿ ಪಂಜರ. ದೊರೆಯ ಮೊಮ್ಮಗ ಅಲ್ಲಿದ್ದ. ನಲವತ್ತರ ಆಸುಪಾಸು, ಬಿಳಿ ಜುಬ್ಬಾ, ಮೆತ್ತನೆಯ ಮಾತು.

“ಬನ್ನಿ ಅಮ್ಮಾ,” ಎಂದು ಎರಡೂ ಕೈ ಜೋಡಿಸಿದ. “ನಮ್ಮ ಅಜ್ಜಾವರನ್ನು ಕಣ್ಣಾರೆ ಕಂಡವರು ನೀವು. ಒಂದು ಫೋಟೋ ತೆಗೆಯೋಣ. ತಲೆ ಮೇಲೆ ಕೊಡ, ಕಾಲಲ್ಲಿ ಈ ಗೆಜ್ಜೆ. ಹಳೇ ಕಾಲದ ಕಳೆ ಬರುತ್ತದೆ.”

ಅವನು ಒಂದು ಪೆಟ್ಟಿಗೆ ತೆರೆದ. ಅಗಲವಾದ ತೊಗಲಿನ ಎರಡು ಪಟ್ಟಿ, ಅವಕ್ಕೆ ಗುಂಡಗಿನ ಗೆಜ್ಜೆಗಳು, ಅಂಚಿಗೊಂದು ಸಣ್ಣ ಕೊಂಡಿ. ಗೆಜ್ಜೆಗಳಿಗೆ ಬಂಗಾರದ ಬಣ್ಣ ಬಳಿದಿದ್ದರು. ಕೆಳಗೆ ದುಂಡಗಿನ ಅಕ್ಷರದಲ್ಲಿ ಬರೆದ ಚೀಟಿ: ‘ವಾಡೆಯ ನರ್ತಕಿಯರ ಗೆಜ್ಜೆ.’

ಮಾನಮ್ಮ ಕೈ ಚಾಚಿದವಳು ಅರ್ಧಕ್ಕೇ ತಡೆದಳು.

“ಇದೇನು ಬರದೀರಿ?”

ಮಾಸ್ತರರು ಓದಿ ಹೇಳಿದರು.

“ಇವು ಕುಣಿಯಾಕಿನವಲ್ಲ,” ಅಂದಳು ಮಾನಮ್ಮ. “ಇವು ನಮ್ಮವು.”

“ನಿಮ್ಮವು ಅಂದ್ರ, ಆಯಿ?”

“ನೀರು ಹೊರೋರವು. ಮುಂಜಾನಿ ಜವಾನ ಕಟ್ಟಿ ಕೊಂಡಿ ಹಾಕತಿದ್ದ. ಸಂಜಿಗೆ ಅವನ ಬಿಚ್ಚಬೇಕು. ದೊರಿ ಒಳಗ ಮಲಗಿರ್ತಿದ್ದ. ಹನ್ನೆರಡು ಮಂದಿ ಗೆಜ್ಜಿ ಸಪ್ಪಳ ಕೇಳತಿರಬೇಕು ಅವಗ. ಸಪ್ಪಳ ಕಡಿಮಿ ಆತಂದ್ರ ಯಾವಾಕೋ ನಿಂತಾಳಂತ ಗೊತ್ತಾಗತಿತ್ತು. ಜವಾನ ಚಾಬೂಕ ಹಿಡದು ಬರತಿದ್ದ.”

ಮಂಟಪದಲ್ಲಿ ತಂತಿ ಕಟ್ಟುತ್ತಿದ್ದವರು ಕೈ ನಿಲ್ಲಿಸಿದರು. ಅಯ್ಯಮ್ಮ ಅವ್ವನ ಮುಖ ನೋಡಿದಳು. ಕಣ್ಣಿನಲ್ಲಿ ಹೊಳಪಿರಲಿಲ್ಲ.

“ನೀರು ಚೆಲ್ಲಿ ತೊಗಲ ನೆನೀತಿತ್ತು. ಬಿಸಲಿಗೆ ಒಣಗಿ ಬಿಗೀತಿತ್ತು. ನೆನಿಯೋದು, ಬಿಗಿಯೋದು.” ಮಾನಮ್ಮ ಸೀರೆಯನ್ನು ಚೂರು ಎತ್ತಿದಳು. ಎರಡೂ ಕಣಕಾಲಿನ ಸುತ್ತ ಕಪ್ಪು ಉಂಗುರ. ಕಾಲಕಡಗದ ಕಲೆ ಎಂದು ಹೇಳಿಕೊಂಡು ಬಂದಿದ್ದಳು ಇಷ್ಟು ವರ್ಷ. “ಕುಡಿಯಾಕ ಬಗ್ಗಿದ್ರ ಸಪ್ಪಳ ನಿಲ್ತಿತ್ತು. ನೀರು ತಲಿ ಮ್ಯಾಲ, ಬಾಯಿ ಒಣಗಿ ನಾಲಗಿ ಅಂಟತಿತ್ತು. ಕರೆಮ್ಮ ಅಂತ ಒಬ್ಬಾಕಿ ಇದ್ದಳು. ಬಸುರಿ. ಅಲ್ನೋಡ್ರಿ, ಆ ಮೂರನೇ ಪಾವಟಿಗಿ ಮ್ಯಾಲ ಕುಂತಳು. ಆಮ್ಯಾಲ ಏಳಲಿಲ್ಲ.”

ಮಾನಮ್ಮ ಸೀರೆಯನ್ನು ಇಳಿಬಿಟ್ಟಳು.

“ಅವತ್ತೂ ಹೊಂಡ ತುಂಬಿತು,” ಅಂದಳು ಮುದುಕಿ. “ಹೂವೂ ಬಿತ್ತು.”

“ಆ ಮೂವತ್ತೆರಡು ಮಂದಿ ಸುಮ್ಮನ ನೋಡಿದ್ರ?” ಅಂದಳು ಅಯ್ಯಮ್ಮ.

“ಅವರೇನು ಮಾಡತಿದ್ರ? ಎದಿಮಟ ನೀರಾಗ ನಿಂದರತಿದ್ರು. ಆತ ಸಾಕು ಅನ್ನೋತನಕ ಹೊರಗ ಬರಂಗಿಲ್ಲ. ತುಟಿ ನೀಲಿ ಆಗತಿದ್ದವು. ನಾವು ನಿಂದರಂಗಿಲ್ಲ, ಅವರು ಕದಲಂಗಿಲ್ಲ. ಆತ ಮ್ಯಾಲ ಕುಂತು ಹುಕ್ಕಾ ಸೇದತಿದ್ದ.”

ಮೊಮ್ಮಗ ಚೀಟಿಯನ್ನು ಸರಿಪಡಿಸಿಟ್ಟ. “ಅದು ಆಗಿನ ಕಾಲ, ಅಮ್ಮಾ. ಎಲ್ಲಾ ಕಡೆ ಹಾಗೇ ಇತ್ತು. ಈಗ ಅದನ್ನೆಲ್ಲ ಯಾಕೆ ಕೆದಕೋದು?”

“ಸೀರಿ ಬಣ್ಣ ಆಗಿನ ಕಾಲದ್ದು ಬೇಕು ನಿಮಗ,” ಅಂದಳು ಅಯ್ಯಮ್ಮ. “ಗುಲಾಬಿ ಬೇಕು, ಗಿಳಿ ಪಂಜರ ಬೇಕು. ಕರೆಮ್ಮ ಮಾತ್ರ ಬ್ಯಾಡ. ಹೊಂಡ ತುಂಬಬೇಕಲ್ರಿ ನಿಮಗ? ತುಂಬಸ್ರಿ. ಆಗಿನಂಗ ತುಂಬಸ್ರಿ. ನಿಮ್ಮ ಮನಿ ಹೆಂಗಸರ ಕಾಲಿಗೆ ಇವನ್ನ ಕಟ್ಟಿ ಕೆನಾಲದಿಂದ ಕೊಡ ಹೊರಸ್ರಿ. ನಾ ಇಲ್ಲಿ ಕುಂತು ಸಪ್ಪಳ ಕೇಳತೀನಿ.”

“ಅಯ್ಯಮ್ಮಾ, ಮಾತು ಹಿಡಿದು ಆಡು,” ಅಂದರು ಮಾಸ್ತರರು.

“ನೀವು ಹಿಡಿದು ಬರದಿದ್ರ ನಾನೂ ಹಿಡೀತಿದ್ದೆರಿ ಸರ.”

ಮಾನಮ್ಮ ಇಬ್ಬರ ಕಡೆಗೂ ನೋಡಲಿಲ್ಲ. ಪೆಟ್ಟಿಗೆಯೊಳಗಿನ ಗೆಜ್ಜೆಯ ಜೋಡಿಯನ್ನು ಎತ್ತಿ ಉಡಿಯಲ್ಲಿ ಹಾಕಿಕೊಂಡಳು. ಮೊಮ್ಮಗ ಕೈ ಮುಂದೆ ಮಾಡಿದ. ಸುತ್ತ ನಿಂತವರನ್ನು ನೋಡಿ ಹಿಂದೆ ತೆಗೆದುಕೊಂಡ.

ದಾರಿಯುದ್ದಕ್ಕೂ ಮುದುಕಿಯ ಉಡಿಯಲ್ಲಿ ಗೆಜ್ಜೆ ಸಪ್ಪಳ ಮಾಡುತ್ತಿತ್ತು. ಅಯ್ಯಮ್ಮನಿಗೆ ಕನಿಕರ ಬರಬೇಕಾಗಿತ್ತು, ಬರಲಿಲ್ಲ. ಸಿಟ್ಟು ಬಂತು. ದೊರೆಯ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು.

“ಯಾಕ ಹೇಳಲಿಲ್ಲ?” ಅಂದಳು. “ನನಗರ ಹೇಳಬೇಕಿಲ್ಲ? ಹುಟ್ಟಿದಾಗಿನಿಂದ ಗಿಳಿ ಮದಿವಿ ಕೇಳಿ ಕೇಳಿ ನನ್ನ ಕಿವಿ ಸತ್ತಾವ.”

“ಗಿಳಿ ಮದಿವಿ ಹೇಳಿದ್ರ ಮಂದಿ ಚಾ ಕೊಡತಿದ್ರು. ಇದನ್ನ ಹೇಳಿದ್ರ ಎದ್ದು ಹೋಗತಿದ್ರು. ಒಂದೆರಡು ಸಲ ಹೇಳಿ ನೋಡೀನಿ. ನಿಮ್ಮಪ್ಪಗ ಹೇಳಿದೆ. ‘ಮತ್ತ್ಯಾರ ಮುಂದೂ ಅನಬ್ಯಾಡ’ ಅಂದ.”

“ಹನ್ನೊಂದು ದಿನದ ಬಾಣಂತಿನ್ನ ಬದುವಿನಿಂದ ಎಬ್ಬಿಸಿದಿ ನೀನು.”

 ನಾಲ್ಕು ಹೆಜ್ಜೆ ನಡೆದ ಮೇಲೆ ಮಾನಮ್ಮ ಅಂದಳು, “ನೀ ಕುಂತದ್ದು ಕಂಡ್ರ ನನಗ ಸಪ್ಪಳ ನಿಂತಂಗ ಆಗತಿತ್ತು. ಯಾರರ ಬಂದು ಹೊಡೀತಾರಂತ.”

 ಅಯ್ಯಮ್ಮನಿಗೆ ಬೈಗುಳವೊಂದು ಬಾಯಿಗೆ ಬಂದು ಅಲ್ಲೇ ಉಳಿಯಿತು. ಯಾರಿಗೆ ಬೈಯಬೇಕು ಎಂಬುದು ತಿಳಿಯದೆ ಉಳಿಯಿತು.

ತೂಬಿನ ಹತ್ತಿರ ಮೈನುದ್ದೀನ ಚಾವಿ ಹಿಡಿದು ಬೇವಿನ ನೆರಳಲ್ಲಿ ಕುಂತಿದ್ದ. ಮಾಸ್ತರರು ಸೈಕಲ್ಲಿನ ಮೇಲೆ ಏದುಸಿರು ಬಿಡುತ್ತ ಹಿಂದೆಯೇ ಬಂದರು.

“ಮೈನುದ್ದೀನ, ಮಧ್ಯಾಹ್ನಕ್ಕ ತೂಬು ತೆಗಿಯಪ. ನಾಳೆ ಮಿನಿಸ್ಟರು ಬರೋರದಾರ.”

“ಹೆಂಟಿ ಅದರಿ ಸರ.”

“ಒಂದು ಹೆಂಟಿ.”

“ಒಂದಾದ್ರೂ ಹೆಂಟಿನೇ ಅಲ್ರಿ? ಅಯ್ಯಮ್ಮಕ್ಕ ತಗದ್ರ ತೆಗೀತೀನಿ.” ಅವನು ಅಯ್ಯಮ್ಮನ ಕಡೆ ನೋಡಿದ. “ಏನಕ್ಕಾ, ತೆಗೀತಿ?”

“ಇಲ್ಲ.”

ಮಾಸ್ತರರು ಮಾನಮ್ಮನಿಗೆ ಕೊನೆಯ ಸಲವೆಂಬಂತೆ ಹೇಳಿದರು, “ಆಯಿ, ನೀನರ ಮಗಳಿಗೆ ಹೇಳು.”

ಮಾನಮ್ಮ ಕಟ್ಟೆಯ ಹತ್ತಿರ ಹೋದಳು. ಮಗಳ ಹೆಂಟೆ ಒಣಗಿ ಬಿರಿದಿತ್ತು. ಉಡಿಯಿಂದ ಗೆಜ್ಜೆ ತೆಗೆದು ಅದರ ಪಕ್ಕಕ್ಕೆ ಇಟ್ಟಳು. ಬಂಗಾರದ ಬಣ್ಣ ಅಲ್ಲಲ್ಲಿ ಅವಳ ಸೀರೆಗೆ ಹತ್ತಿ, ಕೆಳಗಿನ ಕಬ್ಬಿಣ ಕಾಣುತ್ತಿತ್ತು.

“ನಂದೂ ಒಂದು ಇರಲಿ,” ಅಂದಳು. “ಹೊಲ ಇಲ್ಲ ನನಗ. ಇದ ಅದ.”

ಮೈನುದ್ದೀನ ಚಾವಿಯನ್ನು ಚಡ್ಡಿಯ ಕಿಸೆಗೆ ಹಾಕಿಕೊಂಡು ಮತ್ತೆ ಬೇವಿಗೆ ಒರಗಿದ. ಮಾಸ್ತರರು ಸೈಕಲ್ ತಿರುಗಿಸಿದರು. ಹತ್ತಿ ಹೊರಟರು.

ಸ್ವಲ್ಪ ಹೊತ್ತಿಗೆ ಶರೀಫಾಬೀ ಬಂದಳು. ಸುದ್ದಿ ಅವಳಿಗಿಂತ ಮುಂಚೆ ಓಡಿತ್ತು. ಅದೇ ಹೊಸ ಸೀರೆ, ಸೆರಗಿನಲ್ಲಿ ಹೆಂಟೆ. ತೂಬಿನ ಮೇಲೆ ಇಟ್ಟು ಕೈ ಝಾಡಿಸಿದಳು.

“ಸೀರಿ ವಾಪಸ್ ಕೊಡಂಗಿಲ್ಲ ನಾ,” ಅಂದಳು. “ಒಂದು ಸಲ ಉಟ್ಟಾಗ್ಯಾದ.”

ನಡುಹಗಲಿನ ಹೊತ್ತಿಗೆ ನೀರು ಕೊನೆಯ ಹೊಲಗಳಿಗೆ ಇಳಿಯಿತು. ಅಯ್ಯಮ್ಮ ಸಲಿಕೆ ಹಿಡಿದು ಸಾಲು ಸಾಲಿಗೂ ತಿರುವಿದಳು. ಒಣ ನೆಲ ಸಿಳ್ಳು ಹಾಕುತ್ತ ನೀರು ಕುಡಿಯಿತು. ಮಾನಮ್ಮ ಸೀರೆ ಮೊಣಕಾಲಿಗೆತ್ತಿ ಹೊಲಗಾಲುವೆಯ ನೀರಿನಲ್ಲಿ ಇಳಿದು ನಿಂತಳು. ಬಗ್ಗಿ ಬೊಗಸೆಯಲ್ಲಿ ತುಂಬಿಕೊಂಡು ಕುಡಿದಳು, ಮತ್ತೆ ಕುಡಿದಳು. ಆಮೇಲೆ ಹಾಗೇ ನಿಂತಳು. ಕಪ್ಪು ಉಂಗುರಗಳ ಸುತ್ತ ನೀರು ಹರಿಯುತ್ತಿತ್ತು.

  ಅರ್ಧ ಹೊಲಕ್ಕೆ ಇನ್ನೂ ನೀರು ತಿರುವಬೇಕಿತ್ತು. ಆದರೂ ಅಯ್ಯಮ್ಮ ಸಲಿಕೆಯನ್ನು ನೆಲಕ್ಕೆ ಹಾಕಿ, ಅವ್ವನಿಗೆ ಕಾಣುವಂತೆ ಬದುವಿನ ಮೇಲೆ ಕಾಲು ಚಾಚಿ ಕುಂತಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಮುದುಕಿ ಒಮ್ಮೆ ತಿರುಗಿ ನೋಡಿದಳು. ಕೂಗಲೆಂದು ಬಾಯಿ ತೆರೆದಳು.

ಮುಚ್ಚಿಕೊಂಡಳು. ನೀರಿನಲ್ಲೇ ನಿಂತಿದ್ದಳು.