ಹಳದಿ ಕಲಾಯಿ

ಸೊಂಟದಮಟ್ಟ ಇಳಿಯುವ ಹೊತ್ತಿಗೆ ಕುಣಿಯಲ್ಲಿ ನೀರು ಬಂತು. ರಾಮುಲು ಹಾರೆ ಒರಗಿಸಿ, ಬಗ್ಗಿ, ಬೊಗಸೆಯಲ್ಲಿ ಒಂದಿಷ್ಟು ಎತ್ತಿ ನೋಡಿದ. ಅರಿಸಿನ ಕಲಸಿದ ಹಾಗಿತ್ತು. ತಟ್ಟನೆ ಕೈ ಜಾಡಿಸಿ ಮೇಲೆ ಹತ್ತಿ ಬಂದವನು ಪಂಚೆಗೆ ಎರಡೆರಡು ಸಲ ಒರೆಸಿಕೊಂಡ.

"ಇಲ್ಲೂ ಅದೇ ನೀರು," ಎಂದ.

ಬೆಳಗಿನಿಂದ ಇದು ಎರಡನೆಯ ಕುಣಿ. ಊರ ಸ್ಮಶಾನ ಎಂದೋ ಜೂರಾಲ ಡ್ಯಾಮಿನ ಹಿನ್ನೀರಿಗೆ ಹೋಗಿತ್ತು. ಅಂದಿನಿಂದ ಸತ್ತವರಿಗೆ ಅವರವರ ಹೊಲವೇ ಗತಿ. ಆ ವರ್ಷ ಡ್ಯಾಂ ತುಂಬಿ ನೆಲದೊಳಗಿನ ನೀರೂ ಮೇಲೆ ಬಂದಿತ್ತು. ಬೇರೆಯವರ ಹೊಲದಲ್ಲಿ ಬಂದದ್ದು ನೀರು. ತಾಯಪ್ಪನ ಹೊಲದಲ್ಲಿ ಬಂದದ್ದು ತಾಯಪ್ಪ ಇಪ್ಪತ್ತು ವರ್ಷ ಚೆಲ್ಲಿದ್ದು. ಮಾಡಿದ್ದುಣ್ಣೋ ಮಾರಾಯ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ಮರ್ಯಾದೆ ಉಳಿದಿತ್ತು.

ತಾಯಪ್ಪನ ಹೆಣ ಅಂಗಳದಲ್ಲಿ ಗೋಡೆಗೆ ಒರಗಿ ಕೂತಿತ್ತು, ಮೈತುಂಬ ಅವನದೇ ಕರಿ ಕಂಬಳಿ. ಪಕ್ಕದಲ್ಲಿ ಹೆಂಡತಿ ಹಣಮಮ್ಮ. ಮಕ್ಕಳಿಲ್ಲ. ರಾಮುಲು ಅವಳ ತಮ್ಮ. ಬಂದು ಅಕ್ಕನ ಕಿವಿಯಲ್ಲಿ ವಿಷಯ ಹೇಳಿದ. ಉಳಿದಿರುವುದು ಮೇಲಿನ ದಿಬ್ಬ ಒಂದೇ, ತಾಯಪ್ಪನ ಅಪ್ಪ ಅವ್ವ ಮಣ್ಣಾದ ಜಾಗ. ಅದು ಪಾಲಿನಲ್ಲಿ ಹೋದದ್ದು ಅಣ್ಣ ಮೊಗುಲಪ್ಪನಿಗೆ. ಮೊಗುಲಪ್ಪ ತಮ್ಮನೊಡನೆ ಮಾತು ಬಿಟ್ಟು ಎಂಟು ವರ್ಷ.

ಜಾಗದ ಮಾತು ಮಾತ್ರ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆ ಮನೆತನದಲ್ಲಿ ಇನ್ನೊಂದು ಕಟ್ಟಳೆಯಿತ್ತು. ಮಣ್ಣು ಎಳೆಯುವ ಮೊದಲು ರಕ್ತ ಹಂಚಿಕೊಂಡವನೊಬ್ಬ ಸತ್ತವನ ಕಂಬಳಿಯ ಒಂದು ಮೂಲೆ ಕತ್ತರಿಸಿ ಹೆಂಡತಿಯ ಉಡಿಗೆ ಹಾಕಬೇಕು. ಕತ್ತರಿಯೂ ಆ ಮೂಲೆ ಕತ್ತರಿಸುವವನು ದಿನಾ ಉಣ್ಣೆಗೆ ಹಿಡಿಯುವಂಥದೇ ಆಗಬೇಕು. ಮೂಲೆ ಉಡಿಗೆ ಬೀಳದಿದ್ದರೆ ಸತ್ತವನು ಮನೆಯವನಲ್ಲ, ದಾರಿಹೋಕ. ತಾಯಪ್ಪನಿಗೆ ಉಳಿದ ರಕ್ತ ಒಂದೇ, ಮೊಗುಲಪ್ಪ.

"ನಾ ಹೋಗಿ ಕೇಳಿ ಬರ್ತೀನಿ," ಎಂದು ಹಣಮಮ್ಮ ಎದ್ದಳು. ಹೆಣ ಬಿಟ್ಟು ಹೆಂಡತಿ ಏಳುವಂತಿಲ್ಲ ಎಂದು ಹೆಂಗಸರು ಸೆರಗು ಹಿಡಿದರು. ಅವಳು ಸೆರಗು ಬಿಡಿಸಿಕೊಂಡಳು. ಒಳಗಿಂದ ಒಂದು ಚೊಂಬು ತಂದು, ನೇರ ಕುಣಿಗೆ ಹೋಗಿ, ಇಳಿದು, ನೀರು ತುಂಬಿಕೊಂಡಳು.

*

ತಾಯಪ್ಪ ಹುಟ್ಟಾ ಉಣ್ಣೆ ಕತ್ತರಿಸುವವನು. ಈ ಕಡೆಯ ಕುರಿಗಳ ಮೈಯಲ್ಲಿ ಉಣ್ಣೆಗಿಂತ ಮರಳು, ಮುಳ್ಳೇ ಹೆಚ್ಚು. ಇಪ್ಪತ್ತು ಕುರಿಗೆ ಕತ್ತರಿಯ ಬಾಯಿ ಮೊಂಡಾಗುತ್ತದೆ. ಹೈದರಾಬಾದಿಗೆ ದುಡಿಯಲು ಹೋಗಿ ಕಬ್ಬಿಣಕ್ಕೆ ಕ್ರೋಮಿನ ಲೇಪ ಹಾಕುವ ಕೆಲಸ ಕಲಿತು ಬಂದ ತಾಯಪ್ಪ, ಹೊಲದ ಅಂಚಿಗೆ ತಗಡಿನ ಶೆಡ್ಡು ಹಾಕಿ ತೊಟ್ಟಿ ಇಟ್ಟ. ಅದರಲ್ಲಿ ಅದ್ದಿದ ಅಲಗು ಬೆಳ್ಳಗೆ ಹೊಳೆಯುತ್ತಿತ್ತು, ಇನ್ನೂರು ಕುರಿಯ ತನಕ ಮಸೆಯುವ ಕಲ್ಲು ಕೇಳುತ್ತಿರಲಿಲ್ಲ. ಬಿಳಿ ಕಲಾಯಿ ಎಂದು ಜನ ಹೆಸರಿಟ್ಟರು. ಗದ್ವಾಲದಿಂದ, ಗುಂಡುಮಾಲಿನಿಂದ ಕತ್ತರಿ ಹೊತ್ತುಕೊಂಡು ಬಂದರು.

ತೊಟ್ಟಿಯ ಹೊಗೆ ಅವನ ಮೂಗು ತಿಂದಿತು. ದಿನಾ ರಕ್ತ ಸೋರಿ ಸೋರಿ, ಕಡೆಗೆ ಮೂಗಿನ ನಡುಗೋಡೆಗೆ ತೂತು ಬಿತ್ತು. "ಮೂಗುದಾರ ಹಾಕಾಕ ಜಾಗ ಆತು, ಇನ್ನ ನನ್ನ ಗಳೇಕ್ಕ ಹೂಡ್ರಿ," ಎಂದು ತಾನೇ ನಗುತ್ತಿದ್ದ. ಹಣಮಮ್ಮನಿಗೆ ನಗು ಬರುತ್ತಿರಲಿಲ್ಲ.

ತೊಟ್ಟಿಯ ಕೊಳೆನೀರು ಶೆಡ್ಡಿನ ಹಿಂದಿನ ಗುಂಡಿಗೆ ಹೋಗುತ್ತಿತ್ತು. ಗುಂಡಿಯ ಇಳುಕಲಿಗೆ ಮೊಗುಲಪ್ಪನ ಬಾವಿ. ಒಂದು ಬೇಸಿಗೆಯಲ್ಲಿ ಬಾವಿ ಹಳದಿಯಾಯಿತು. ಆ ನೀರು ಕುಡಿದ ಗಬ್ಬದ ಕುರಿಗಳು ಕಂದು ಹಾಕಿದವು. ಮೊಗುಲಪ್ಪನ ಹೆಂಡತಿ ಹಂಪಮ್ಮನ ಅಂಗೈಯಲ್ಲಿ ಹುಣ್ಣೆದ್ದು ಮಾಯಲೇ ಇಲ್ಲ. ಮೊಗುಲಪ್ಪ ಒಂದು ಚೊಂಬು ನೀರು ತಂದು ಶೆಡ್ಡಿನ ಮುಂದೆ ಇಟ್ಟ.

"ಇದನ್ನ ಕುಡಿ. ಆಮ್ಯಾಲೆ ನಿನ್ನ ಕೂಡ ಮಾತಾಡ್ತೀನಿ."

ತಾಯಪ್ಪ ಚೊಂಬಿನ ಮುಂದೆ ಸಂಜೆಯ ತನಕ ಕೂತಿದ್ದ. ಅದರಲ್ಲಿ ಏನಿದೆ ಎಂದು ಊರಿನಲ್ಲಿ ಅವನೊಬ್ಬನಿಗೇ ಸರಿಯಾಗಿ ಗೊತ್ತಿತ್ತು. ಕುಡಿಯಲಿಲ್ಲ. ಹುಟ್ಟುತ್ತಾ ಅಣ್ಣ ತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದು ಊರು ತನ್ನ ಪಾಡಿಗೆ ಗಾದೆ ಹೇಳಿ ಸುಮ್ಮನಾಯಿತು.

*

ಮೊಗುಲಪ್ಪ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೋಲು ಹಿಡಿದು ಕೂತಿದ್ದ. ತಮ್ಮ ಸತ್ತ ಸುದ್ದಿ ನಸುಕಿನಲ್ಲೇ ಬಂದಿತ್ತು. ಬೆಳಗಿನಿಂದ ಅವನೂ ನೀರು ಮುಟ್ಟಿರಲಿಲ್ಲ, ಎದ್ದು ಹೋಗಿಯೂ ಇರಲಿಲ್ಲ. ಹಣಮಮ್ಮ ಎದುರಿಗೆ ನಿಂತಳು. ಮುಖದ ಮೇಲೆ ಸೆರಗು, ಕೈಯಲ್ಲಿ ಚೊಂಬು. ದಿಬ್ಬದಲ್ಲಿ ಜಾಗ ಬೇಕು, ಕಂಬಳಿಯ ಮೂಲೆಗೆ ನೀವು ಬರಬೇಕು ಎಂದು ಕೇಳಿದಳು. ಅವನು ಕೋಲಿನ ತುದಿ ನೋಡುತ್ತಾ ಕೂತ. ಹಂಪಮ್ಮ ಬಾಗಿಲಲ್ಲಿ ಬಂದು ನಿಂತಳು.

"ಭಾವಾ, ಕುಡಿದ್ರ ಮಾತಾಡ್ತೀನಿ ಅಂದಿದ್ರಿ. ಅವನ ಕೈಲೆ ಆಗಲಿಲ್ಲ. ನಾ ಕುಡೀತೀನಿ. ಅವನ ಕೂಡ ಮಾತಾಡಾಕ ಬರ್ರಿ," ಎಂದು ಹಣಮಮ್ಮ ಚೊಂಬು ಎತ್ತಿ ತುಟಿಗಿಟ್ಟಳು.

ಭಾವನಾದವನು ತಮ್ಮನ ಹೆಂಡತಿಯ ಕೈ ಹಿಡಿಯುವಂತಿಲ್ಲ. ಮೊಗುಲಪ್ಪನ ಕೋಲು ಬೀಸಿ ಬಂದು ಚೊಂಬಿಗೆ ಬಡಿಯಿತು. ನೀರು ಅವಳ ಸೀರೆಯ ಮೇಲೆ, ಅವನ ಕಾಲ ಮೇಲೆ ಚೆಲ್ಲಿತು. ಚೊಂಬು ಉರುಳಿಕೊಂಡು ಹೋಗಿ ಕುರಿದೊಡ್ಡಿಯ ಬೇಲಿಗೆ ತಾಗಿ ನಿಂತಿತು. ಹಂಪಮ್ಮ ಓಡಿಬಂದು ತನ್ನ ಸೆರಗಿನಲ್ಲಿ ಹಣಮಮ್ಮನ ಬಾಯಿ ಉಜ್ಜಿ ಉಜ್ಜಿ ಒರೆಸಿದಳು.

ಮೊಗುಲಪ್ಪ ಕೋಲು ಕೆಳಗಿಟ್ಟ. "ಬಾವಿ ನಾ ಮರ್ತಿಲ್ಲ. ಸಾಯೋತನಾ ಮರ್ಯಾಂಗಿಲ್ಲ. ಆದ್ರ ಆ ನೀರಾಗ ಅವನ್ನ ಮಲಗಿಸಬ್ಯಾಡ್ರಿ. ಅವ್ವನ ಬಾಜೂಕ ಜಾಗ ಐತಿ, ತೋಡ್ರಿ."

"ಮೂಲೆಗೆ?" ಎಂದಳು ಹಣಮಮ್ಮ.

ಅವನು ಎದ್ದು ಒಳಗೆ ಹೋದ.

*

ಐದು ವರ್ಷದ ಹಿಂದೆ, ತೆಲಂಗಾಣ ಬೇರೆ ರಾಜ್ಯವಾಗಿ ಬಂದ ವಾರ, ಮಕ್ತಲದಲ್ಲಿ ಗುಲಾಲು ಎರಚಿ ಕುಣಿಯುತ್ತಿದ್ದರು. ತಾಯಪ್ಪ ಅದೇ ವಾರ ಸುತ್ತಿಗೆ ತಗೊಂಡು ತೊಟ್ಟಿ ಒಡೆದ. ಕೊನೆಯ ನೀರೂ ಹರಿದು ಅದೇ ನೆಲಕ್ಕೆ ಹೋಯಿತು. ಅಷ್ಟು ಬುದ್ಧಿ ಆ ಹೊತ್ತಿಗೆ ಹೊಳೆಯಲಿಲ್ಲ ಪಾಪ. ಹೊಸ ಕತ್ತರಿಗಳನ್ನು ಚೀಲಕ್ಕೆ ತುಂಬಿಕೊಂಡು ಹೈದರಾಬಾದಿಗೆ ಹೋದ. ಅಲ್ಲೊಂದು ಕಾರ್ಖಾನೆಯಲ್ಲಿ ಬಾಗಿಲು ಮುಚ್ಚಿದ ಉಕ್ಕಿನ ಪೆಟ್ಟಿಗೆ ಇತ್ತು. ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಟೈಟಾನಿಯಂ ಎಂಬ ಲೋಹವನ್ನು ಆವಿ ಮಾಡಿ ಅಲಗಿಗೆ ಕೂರಿಸುತ್ತಿದ್ದರು. ತೊಟ್ಟಿಯಿಲ್ಲ, ಹೊಗೆಯಿಲ್ಲ, ಹೊರಗೆ ಚೆಲ್ಲುವ ನೀರಿಲ್ಲ. ಕತ್ತರಿಗಳು ಬಂಗಾರದ ಬಣ್ಣಕ್ಕೆ ತಿರುಗಿ ಹೊರಬಂದವು.

ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಎಲ್ಲರನ್ನೂ ಕೂರಿಸಿ ಹಂಚಿದ. "ಹೊರಮೈ ಅಷ್ಟ ಕಲ್ಲಿಗೆ ಹಚ್ಚ್ರಿ. ಒಳಮೈ ಮುಟ್ಟಬ್ಯಾಡ್ರಿ. ಒಳಗಿನ ಹಳದಿನೇ ಬಾಯಿ ಕಾಯ್ತೈತಿ," ಎಂದು ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿದ. ಕಟ್ಟೆಯ ಆ ತುದಿಯಲ್ಲಿ ಮೊಗುಲಪ್ಪ ಬೆನ್ನು ಮಾಡಿಕೊಂಡು ಕೂತಿದ್ದ. ತಾಯಪ್ಪ ಅವನ ಕಡೆ ಹೋಗಲಿಲ್ಲ. ಹೇಳಿದ್ದನ್ನೇ ಇನ್ನೊಂದು ಸಲ ಗಟ್ಟಿಯಾಗಿ ಹೇಳಿದ, ಅಷ್ಟೆ.

ತಲೆ ಒಪ್ಪಿದರೂ ಕೈ ಕೇಳಬೇಕಲ್ಲ. ಹೊರಮೈ ಮಸೆದ ಮೇಲೆ ಒಳಮೈಯನ್ನೂ ಒಂದೆಳೆ ಕಲ್ಲಿಗೆ ಎಳೆದು, ಹಣೆಗೆ ಮುಟ್ಟಿಸಿ ಕೆಲಸಕ್ಕೆ ಕೂರುವುದು ಇಲ್ಲಿಯವರಿಗೆ ಅಪ್ಪನ ಕಾಲದಿಂದ ಬಂದ ರೂಢಿ. ಎಲ್ಲರೂ ಎಳೆದರು, ಒಳಗಿನ ಹಳದಿ ಕಲ್ಲಿಗೇ ಹೋಯಿತು. ಗುಂಡುಮಾಲಿನ ಭೀಮಶಂಕರ್ ಎಲ್ಲರಿಗಿಂತ ಮೊದಲು ಕತ್ತರಿ ತಂದು ಶೆಡ್ಡಿನ ಮುಂದೆ ಎಸೆದ. "ನಿನ್ನ ಬಂಗಾರ ಎರಡು ಹಿಂಡಿಗೆ ಹೋತಲ್ಲೋ. ಬಿಳಿ ಕಲಾಯಿನ ಮಾಡಿಕೊಡು." ತಾಯಪ್ಪ ಆಗುವುದಿಲ್ಲ ಎಂದ. ಜನ ಬೇರೆ ಕಡೆ ಹೋದರು. ಊರು ಉಪಕಾರ ಅರಿಯದು, ಹೆಣ ಸಿಂಗಾರ ಅರಿಯದು.

ಹಂಚುವಾಗ ಒಂದು ಕತ್ತರಿಯನ್ನು ಮಾತ್ರ ತಾಯಪ್ಪ ಯಾರಿಗೂ ಕೊಡದೆ, ಅಣ್ಣನ ಹಾಳು ಬಾವಿಯ ನೀರು ಸೇದುವ ಗಿಲಕಕ್ಕೆ ಕಟ್ಟಿ ಬಂದಿದ್ದ. ಮರುದಿನ ಅದು ಅಲ್ಲಿರಲಿಲ್ಲ. "ಬಾವ್ಯಾಗ ಒಗದಿರಬೇಕು ಬಿಡು," ಎನ್ನುತ್ತಿದ್ದ. ಮೊಗುಲಪ್ಪ ಬೇರೆಯವರ ಹಿಂಡಿಗೆ ಹೋಗುವವನಲ್ಲ. ತನ್ನ ಕುರಿಗಳನ್ನು ದಿಬ್ಬದ ಮೇಲೆ ಒಬ್ಬನೇ ಕೂತು ಕತ್ತರಿಸುತ್ತಿದ್ದ. ಪುಪ್ಪುಸ ಕೈಕೊಟ್ಟು ಮಾತು ನಿಲ್ಲುವ ಹಿಂದಿನ ದಿನ ಕೂಡ ತಾಯಪ್ಪ, ಅಣ್ಣ ಈ ಸಲ ಯಾವ ಕತ್ತರಿ ಹಿಡಿದಿದ್ದಾನೆ, ಯಾರಾದರೂ ನೋಡಿದರೇ ಎಂದು ಕೇಳಿದ್ದ. ಹಣಮಮ್ಮ ಗೊತ್ತಿಲ್ಲ ಎಂದಿದ್ದಳು.

*

ದಿಬ್ಬದ ಮಣ್ಣು ಒಣಗಿತ್ತು, ಕೆಂಪಗಿತ್ತು. ಹೆಣ ಇಳಿಸಿ, ತಲೆ ದಕ್ಷಿಣಕ್ಕೆ ಮಾಡಿ ಮಲಗಿಸಿ, ಕಂಬಳಿಯ ಒಂದು ಮೂಲೆಯನ್ನು ಮೇಲಕ್ಕೆ ಎಳೆದು ಇಟ್ಟುಕೊಂಡು ಕಾದರು. ಬಿಸಿಲು ಇಳಿಯತೊಡಗಿತು. ಭೀಮಶಂಕರ್ ತನ್ನ ಕತ್ತರಿ ತೆಗೆದು, ತಾನೇ ಕತ್ತರಿಸಿಬಿಡಲೇ ಎಂದು ಮೆಲ್ಲಗೆ ಕೇಳಿದ. ಹಣಮಮ್ಮ ಬೇಡವೆಂದು ತಲೆಯಾಡಿಸಿದಳು. ಉಡಿ ಒಡ್ಡಿಕೊಂಡು ಕುಣಿಯ ಅಂಚಿನಲ್ಲಿ ಕೂತೇ ಇದ್ದಳು.

ಮೊಗುಲಪ್ಪ ದಿಬ್ಬ ಹತ್ತಿ ಬಂದ. ಯಾರ ಮುಖವನ್ನೂ ನೋಡಲಿಲ್ಲ. ಕುಣಿಯ ಅಂಚಿಗೆ ಮೊಣಕಾಲೂರಿ, ಹೆಗಲ ಮೇಲಿದ್ದ ಬಟ್ಟೆಯ ಸುರುಳಿಯನ್ನು ಬಿಚ್ಚಿ, ಕತ್ತರಿ ತೆಗೆದು ಬಾಯಿ ಅಗಲಿಸಿದ.

ಹೊರಮೈ ಐದು ವರ್ಷ ಕಲ್ಲಿಗೆ ಸವೆದು ಬೆಳ್ಳಗಾಗಿತ್ತು, ಅಲಗು ಅರ್ಧದಷ್ಟು ತೆಳುವಾಗಿತ್ತು. ಒಳಮೈ ಹಳದಿ. ಒಂದು ಗೀರಿರಲಿಲ್ಲ. ಭೀಮಶಂಕರ್ ತನ್ನ ಕತ್ತರಿಯನ್ನು ಮಡಿಚಿ ಬೆನ್ನ ಹಿಂದೆ ಹಿಡಿದುಕೊಂಡ. ಮೊಗುಲಪ್ಪ ಕಂಬಳಿಯ ಮೂಲೆ ಹಿಡಿದ. ಎರಡು ಅಲಗೂ ಕರಿ ಉಣ್ಣೆಯ ಮೇಲೆ ಮೆಲ್ಲಗೆ ಕೂಡಿ, ಹಳದಿ ಒಳಗೆ ಮುಚ್ಚಿಕೊಂಡಿತು.