ಹನ್ನೊಂದನೇ ಟೋಕನ್ನಿನ ರಕ್ತ

ಹೊಸ ಊರಿಗೆ ಬಂದ ಮೊದಲ ವಾರವೆಲ್ಲ ಮಗಳಿಗೆ ಬಾಗಿಲು ಎಣಿಸುವುದೇ ಕೆಲಸವಾಗಿತ್ತು. "ಅಮ್ಮಾ, ನಮ್ಮನೇಲಿ ಏಳು ಬಾಗಿಲು!" ಎಂದು ಕೂಗುತ್ತಾ ಒಂದರಿಂದ ಹೊಕ್ಕು ಇನ್ನೊಂದರಿಂದ ಹೊರಬೀಳುತ್ತಿದ್ದಳು. ಮಹಾನಗರದ ಒಂಬತ್ತನೇ ಮಹಡಿಯಲ್ಲಿ ಅವರಿಗಿದ್ದದ್ದು ಒಂದೂವರೆ ಕೋಣೆ, ಎರಡು ಬಾಗಿಲು. ಒಂದು ಲೋಕಕ್ಕೆ, ಇನ್ನೊಂದು ಬಚ್ಚಲಿಗೆ. ಸಂಬಳದ ಮುಕ್ಕಾಲು ಪಾಲನ್ನು ಆ ಎರಡು ಬಾಗಿಲುಗಳೇ ನುಂಗಿ ನೀರು ಕುಡಿಯುತ್ತಿದ್ದವು. ಇಲ್ಲಿ ಅದರ ಕಾಲು ಭಾಗಕ್ಕೆ ಮೂರು ಕೋಣೆ, ಒಂದು ಹಿತ್ತಲು. ಮಂಚವನ್ನು ಗೋಡೆಗೆ ತಾಗಿಸದೆ ನಡುಮನೆಯಲ್ಲೇ ಹಾಕಿದರೂ ಸುತ್ತ ಓಡಾಡಬಹುದು. ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವ ಗಂಡ ಕೆಲಸದ ನಡುವೆ ಎದ್ದು ಬಂದು, "ನೀನು ಯಾವ ಕೋಣೇಲಿದೀಯ?" ಎಂದು ಹೆಂಡತಿಯನ್ನು ಕೂಗಿ ಕೇಳುತ್ತಿದ್ದ. ಹತ್ತು ವರ್ಷದ ಸಂಸಾರದಲ್ಲಿ ಆ ಪ್ರಶ್ನೆಗೆ ಎಡೆಯೇ ಇರಲಿಲ್ಲ.

ಅವಳು ಮಾತ್ರ ಇನ್ನೂ ಪೂರ್ತಿ ಉಸಿರು ಬಿಟ್ಟಿರಲಿಲ್ಲ. ಈ ಊರಿನ ಸಣ್ಣ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಕೆಲಸ ಸಿಕ್ಕಿದೆಯೆಂದೇ ಗಂಟುಮೂಟೆ ಕಟ್ಟಿ ಬಂದದ್ದು. ಆದರೆ ಕೆಲಸ ಪಕ್ಕಾ ಆಗಿರಲಿಲ್ಲ. ಮೂವತ್ತೆರಡು ವರ್ಷ ಅದೇ ಕೋಣೆಯಲ್ಲಿ ಕೂತು ರಕ್ತ ನೋಡಿದ ಮುದುಕರೊಬ್ಬರು ತಿಂಗಳ ಕೊನೆಗೆ ನಿವೃತ್ತರಾಗಲಿದ್ದರು. 'ಇವರ ಕೈಗೆ ಒಪ್ಪಿಸಬಹುದು' ಎಂಬ ಒಂದು ಸಾಲಿನ ಕೆಳಗೆ ಅವರು ಸಹಿ ಹಾಕಬೇಕು. ಹಾಕದಿದ್ದರೆ ಮತ್ತೆ ಮಹಾನಗರವೇ ಗತಿ. ಅಲ್ಲಿ ಬಿಟ್ಟುಬಂದ ಕುರ್ಚಿಯಲ್ಲಿ ಆಗಲೇ ಬೇರೆ ಯಾರೋ ಕೂತಾಗಿತ್ತು, ಬಿಟ್ಟುಬಂದ ಮನೆಗೂ ಬೇರೆ ಯಾರೋ ಬಂದಾಗಿತ್ತು. ಆ ಕಾಗದವನ್ನು ಅವಳು ದಿನವೂ ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದಳು, ದಿನವೂ ಹಾಗೇ ವಾಪಸ್ ತರುತ್ತಿದ್ದಳು.

ಮುದುಕರನ್ನು ಊರೆಲ್ಲ 'ಮೇಷ್ಟ್ರು' ಎನ್ನುತ್ತಿತ್ತು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮಾತಿನ ಧಾಟಿಗೆ ಬಂದ ಹೆಸರದು.

ಮಹಾನಗರದಲ್ಲಿ ಅವಳ ಪ್ರಯೋಗಾಲಯ ಇದ್ದದ್ದು ನೆಲಮಾಳಿಗೆಯಲ್ಲಿ. ರಕ್ತದ ಟ್ಯೂಬುಗಳು ಸಾಲುಗಟ್ಟಿ ಚಲಿಸುವ ಪಟ್ಟಿಯ ಮೇಲೆ ತೇಲಿಬರುತ್ತಿದ್ದವು, ಯಂತ್ರ ಎಣಿಸುತ್ತಿತ್ತು, ಪರದೆಯ ಮೇಲೆ ಅಂಕಿ ಮೂಡುತ್ತಿತ್ತು. ಹದಿಮೂರು ವರ್ಷಗಳಲ್ಲಿ ಲಕ್ಷಗಟ್ಟಲೆ ಜನರ ರಕ್ತ ಅವಳ ಕೈ ಹಾಯ್ದಿತ್ತು, ಒಬ್ಬರ ಮುಖವೂ ಕಣ್ಣು ಹಾಯ್ದಿರಲಿಲ್ಲ. ಇಲ್ಲಿ ಸೂಜಿ ಚುಚ್ಚಿ ರಕ್ತ ತೆಗೆಯುವವಳೂ ಅವಳೇ, ಒಂದು ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಸವರಿ ಬಣ್ಣ ಹಾಕಿ ಒಣಗಿಸುವವಳೂ ಅವಳೇ, ಚೀಟಿ ಬರೆದು ಬಾಗಿಲಾಚೆಯ ಬೆಂಚಿನಲ್ಲಿ ಕಾಯುವವರ ಕೈಗೆ ಕೊಡುವವಳೂ ಅವಳೇ.

ಮೂರನೇ ದಿನ ಮೇಷ್ಟ್ರು ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದವರೇ, "ಓ, ಬೇಕರಿಯಮ್ಮನ ತಂಗಿ ಬಂದಿದ್ಲಾ?" ಎಂದರು.

ಗಾಜಿನ ಮೇಲೆ ಹೆಸರಿರಲಿಲ್ಲ. ಹೆಸರು ಬರೆಯುವ ಪುಸ್ತಕ ಅವಳ ಕೈಯಲ್ಲೇ ಇತ್ತು.

"ಹೇಗೆ ಗೊತ್ತಾಯ್ತು ಮೇಷ್ಟ್ರೇ?"

"ನೋಡು ಬಾ. ಕೆಂಪು ಕಣ ದುಂಡಗಿದೆಯಾ?"

ಅವಳು ಬಗ್ಗಿ ನೋಡಿದಳು. ಕಣಗಳು ದುಂಡಗಿರಲಿಲ್ಲ. ಪುಟ್ಟ ಪುಟ್ಟ ಮೊಟ್ಟೆಗಳನ್ನು ಚೆಲ್ಲಿದ ಹಾಗೆ ಉದ್ದುದ್ದಕ್ಕಿದ್ದವು.

"ಆ ಮನೆಯವರಿಗೆಲ್ಲ ಹಾಗೇ. ಅಜ್ಜಿಗೂ ಇತ್ತು, ಅಮ್ಮನಿಗೂ ಇತ್ತು, ಈಗ ಅಕ್ಕತಂಗಿಯರಿಗೆ. ತೊಂದರೆ ಏನಿಲ್ಲ. ಬನ್ನು ಮಾತ್ರ ದುಂಡಗೆ ಮಾಡ್ತಾರೆ." ಮೇಷ್ಟ್ರು ತಮ್ಮ ಮಾತಿಗೆ ತಾವೇ ನಕ್ಕರು. "ಎಲ್ಲರದ್ದೂ ಹೀಗೆ ಗೊತ್ತಾಗಲ್ಲಮ್ಮಾ. ಹತ್ತರಲ್ಲಿ ಎಂಟು ಜನರ ರಕ್ತ ಒಂದೇ ಥರ, ಗುಂಪು ಫೋಟೋದಲ್ಲಿ ಹಿಂದಿನ ಸಾಲಲ್ಲಿ ನಿಂತವರ ಹಾಗೆ. ಇನ್ನಿಬ್ಬರಿಗೆ ಸೊಟ್ಟ ಮೂಗು ಇರುತ್ತೆ ನೋಡು, ಅವರನ್ನ ಎಲ್ಲಿದ್ರೂ ಗುರುತು ಹಿಡೀಬಹುದು."

ಅವಳು ಮತ್ತೆ ಮಸೂರದೊಳಗೆ ನೋಡಿದಳು. ಎಂದೋ ತೀರಿಕೊಂಡ ಒಬ್ಬ ಅಜ್ಜಿ ಮೊಮ್ಮಗಳ ರಕ್ತದಲ್ಲಿ ಕೋಟಿಗಟ್ಟಲೆ ಕಣಗಳಾಗಿ ಇನ್ನೂ ಓಡಾಡುತ್ತಿದ್ದಳು. ಇಂಥ ಕಣಗಳು ನೆಲಮಾಳಿಗೆಯಲ್ಲೂ ಎಷ್ಟೋ ಸಲ ಅವಳೆದುರು ಬಂದಿದ್ದಿರಬೇಕು. ಅಲ್ಲಿ ಅವು ಬರೀ ಶೇಕಡಾವಾರು ಅಂಕಿ.

ಆದರೂ ಹಳೆಯ ಅಭ್ಯಾಸ ಸುಲಭಕ್ಕೆ ಹೋಗುತ್ತದೆಯೇ? ಮೇಷ್ಟ್ರು ಒಬ್ಬೊಬ್ಬರನ್ನೂ ಕೂರಿಸಿ, ಹೆಸರು ಕೇಳಿ, ಮನೆಯವರ ಯೋಗಕ್ಷೇಮ ವಿಚಾರಿಸಿ, ಆಮೇಲೆ ಟ್ಯೂಬಿನ ಮೇಲೆ ಬರೆಯುತ್ತಿದ್ದರು. ನೋಡುತ್ತಾ ನೋಡುತ್ತಾ ಅವಳ ಕೈ ತುರಿಸುತ್ತಿತ್ತು. ಎರಡನೇ ವಾರ ಅವಳೇ ಒಂದು ವ್ಯವಸ್ಥೆ ಮಾಡಿದಳು. ಬಂದವರಿಗೆಲ್ಲ ಟೋಕನ್ ಸಂಖ್ಯೆ, ಅದೇ ಸಂಖ್ಯೆಯ ಅಂಟುಚೀಟಿ ಟ್ಯೂಬಿಗೆ, ಗಾಜಿಗೆ, ಫಲಿತಾಂಶಕ್ಕೆ. ಹೆಸರಿನ ಗೊಡವೆಯೇ ಬೇಡ. ಅರ್ಧ ಗಂಟೆಯಲ್ಲಿ ಹದಿನೈದು ಜನ ಮುಗಿಯುತ್ತಿದ್ದರು. ಮೇಷ್ಟ್ರು ಅಂಟುಚೀಟಿಯ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಚೆನ್ನಾಗಿದೆ. ನೋಡೋಣ," ಎಂದರು. ಆ 'ನೋಡೋಣ'ವನ್ನು ಅವಳು ಮೆಚ್ಚುಗೆಯೆಂದೇ ಮನೆಗೆ ಹೊತ್ತುಕೊಂಡು ಹೋಗಿ ಗಂಡನಿಗೆ ಎರಡು ಸಲ ಹೇಳಿದಳು.

ಅದಾಗಿ ನಾಲ್ಕನೇ ದಿನ. ಮೇಷ್ಟ್ರು ತಡವಾಗಿ ಬರುವುದಾಗಿ ಹೇಳಿದ್ದರು. ಬೆಳಿಗ್ಗೆ ಅವಳೊಬ್ಬಳೇ ಹದಿನಾಲ್ಕು ಜನರ ರಕ್ತ ತೆಗೆದಳು. "ಹನ್ನೊಂದು" ಎಂದು ಕರೆದಳು, ಒಂದು ತೋಳು ಮುಂದೆ ಬಂತು. "ಹನ್ನೆರಡು" ಎಂದಳು, ಇನ್ನೊಂದು ತೋಳು. ನರ ಹುಡುಕುವುದರಲ್ಲೇ ಅವಳ ಕಣ್ಣೆಲ್ಲ ಇತ್ತು. ಎಷ್ಟೋ ವರ್ಷ ಸೂಜಿ ಹಿಡಿಯದಿದ್ದ ಕೈಯಾದ್ದರಿಂದ ನರ ಸಿಕ್ಕರೆ ಸಾಕು ಎನ್ನುವ ಸ್ಥಿತಿ.

ಹನ್ನೊಂದರ ಹಿಮೋಗ್ಲೋಬಿನ್ ಹದಿಮೂರೂವರೆ ಬಂತು, ಸರಿಯಾಗಿಯೇ ಇತ್ತು. ಹನ್ನೊಂದನೇ ಟೋಕನ್ನಿನ ಬಸ್ ಡ್ರೈವರ್ ಬಾಗಿಲಲ್ಲೇ ಚೀಟಿ ಇಸಿದುಕೊಂಡು, "ಎಲ್ಲಾ ಸರಿ ಇದೆ ಅಲ್ವಾ ಮೇಡಂ? ಸುಮ್ನೆ ಸುಸ್ತು ಸುಸ್ತು ಅಂತಿದ್ದೆ, ಸೋಮಾರಿತನ ಇರ್ಬೇಕು. ಡಾಕ್ಟರನ್ನ ಇನ್ನೊಂದಿನ ನೋಡ್ತೀನಿ, ಬಸ್ಸಿಗೆ ಹೊತ್ತಾಯ್ತು," ಎಂದು ಹೊರಟೇಬಿಟ್ಟ. ಹನ್ನೆರಡರದ್ದು ನೋಡಿ ಅವಳಿಗೆ ದಿಗಿಲಾಯಿತು. ಆರು ಮುಕ್ಕಾಲು! ಇನ್ನೊಂದು ಸಲ ಮಾಡಿದಳು. ಅದೇ. ಹನ್ನೆರಡನೇ ಟೋಕನ್ನಿನ ಬೇಕರಿಯಮ್ಮ ಮಧ್ಯಾಹ್ನ ಬರುತ್ತೇನೆಂದು ಹೇಳಿ ಹೋಗಿದ್ದಳು.

ಹನ್ನೊಂದು ಗಂಟೆಗೆ ಮೇಷ್ಟ್ರು ಬಂದರು. ಗಾಜುಗಳನ್ನು ಸಾಲಾಗಿ ನೋಡುತ್ತಾ ಬಂದವರು ಒಂದರ ಬಳಿ ನಿಂತರು.

"ಬೇಕರಿಯಮ್ಮ ಬಂದಿದ್ಲಾ?"

"ಬಂದಿದ್ರು. ಆದ್ರೆ ಅದು ಅವರದಲ್ಲ ಮೇಷ್ಟ್ರೇ, ಹನ್ನೊಂದು. ಡ್ರೈವರದು."

"ಡ್ರೈವರ್ ಯಾವಾಗ ಆ ಮನೇಲಿ ಹುಟ್ಟಿದ?"

ಅವಳು ಓಡಿಬಂದು ಬಗ್ಗಿದಳು. ಮೊಟ್ಟೆಯಾಕಾರದ ಕಣಗಳು. ಹನ್ನೆರಡನ್ನು ಇಟ್ಟು ನೋಡಿದಳು. ದುಂಡನೆಯ, ಪುಟ್ಟ, ಬಣ್ಣವೇ ಇಲ್ಲದ ಕಣಗಳು. ಒಂದೊಂದೂ ನಡುವೆ ಬೆಳ್ಳಗಾಗಿ, ಅಂಚಿನಲ್ಲಷ್ಟೇ ಕೆಂಪು ಉಳಿಸಿಕೊಂಡಿತ್ತು.

ಆಗ ನೆನಪಾಯಿತು. ಬೆಂಚಿನ ಕಡೆಯಿಂದ ಯಾರೋ, "ನೀವು ಮೊದಲು ಹೋಗಿ ಅಕ್ಕಾ, ಒಲೇಲಿ ಬನ್ನು ಬಿಟ್ಟು ಬಂದಿದೀರಿ," ಎಂದದ್ದು ಕೇಳಿಸಿತ್ತು. ಅವಳ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಡ್ರೈವರ್ ಬೇಕರಿಯಮ್ಮನಿಗೆ ಸರದಿ ಬಿಟ್ಟುಕೊಟ್ಟಿದ್ದ, ಟೋಕನ್ ಮಾತ್ರ ಬದಲಾಯಿಸಿಕೊಂಡಿರಲಿಲ್ಲ. ಮಹಾನಗರದಲ್ಲಿ ಸರದಿಯನ್ನು ಪ್ರಾಣ ಹೋದರೂ ಬಿಡುವವರಿಲ್ಲ. ಅಲ್ಲಿನ ಲೆಕ್ಕದಲ್ಲಿ ಅವಳ ವ್ಯವಸ್ಥೆಯಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ.

"ಮೇಷ್ಟ್ರೇ, ಅವರು ಬಸ್ಸು ಓಡಿಸ್ತಿದಾರೆ. ಎಲ್ಲ ಸರಿ ಇದೆ ಅಂತ ನಾನೇ ಚೀಟಿ ಕೊಟ್ಟು ಕಳಿಸಿದೆ."

ಮೇಷ್ಟ್ರು ಬೈಯಲಿಲ್ಲ. ಗೋಡೆಯ ಗಡಿಯಾರ ನೋಡಿದರು. "ಹನ್ನೊಂದೂ ಹತ್ತು. ಈಗ ನೀರಿನ ಟ್ಯಾಂಕು ದಾಟಿರ್ತಾನೆ. ಹನ್ನೊಂದೂ ಕಾಲಿಗೆ ಲೈಬ್ರರಿ ಹತ್ರ. ಗಾಡಿ ಓಡಿಸುವಾಗ ಫೋನ್ ಎತ್ತಲ್ಲ ಅವನು. ಓಡು."

ಬಿಳಿ ಕೋಟಿನಲ್ಲೇ ಓಡಿದಳು. ಮೂವತ್ತೆಂಟರ ಹೆಂಗಸು ಕೋಟು ಹಾರಿಸಿಕೊಂಡು ಬೀದಿಯಲ್ಲಿ ಓಡಿದರೆ ಊರು ಸುಮ್ಮನಿರುತ್ತದೆಯೇ? "ಬಸ್ಸಾ ಮೇಡಂ? ಇನ್ನೂ ಬಂದಿಲ್ಲ, ನಿಧಾನ!" ಎಂದು ಚಪ್ಪಲಿ ಹೊಲಿಯುವವನು ಕೂಗಿ ಹೇಳಿದ. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸು ಕಾಣಿಸಿತು. ಅವಳು ನಿಲ್ದಾಣದಲ್ಲಿ ನಿಲ್ಲದೆ ರಸ್ತೆಗೇ ಇಳಿದು ಕೈಯೆತ್ತಿದಳು.

"ಹತ್ತಿ ಮೇಡಂ, ಇದಕ್ಕೆ ಕೈ ಅಡ್ಡ ಹಾಕ್ಬೇಕಾ?" ಡ್ರೈವರ್ ನಕ್ಕ.

"ಒಂದು ನಿಮಿಷ ಕೆಳಗೆ ಬರ್ತೀರಾ?"

ಹತ್ತಾರು ಜನರೆದುರು ಹೇಳುವ ಮಾತಲ್ಲವೆಂಬ ಎಚ್ಚರ ಆ ಏದುಸಿರಿನಲ್ಲೂ ಇತ್ತು. ಅವನು ಎರಡು ಮೆಟ್ಟಿಲು ಇಳಿದು, ಕಂಬಿ ಹಿಡಿದು ನಿಂತ. ಮೊದಲ ಸಲ ಅವಳು ಅವನ ಮುಖ ನೋಡಿದಳು. ತುಟಿಗೂ ಕೆನ್ನೆಗೂ ಬಣ್ಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ಕಂಬಿ ಹಿಡಿದ ಉಗುರುಗಳು ಕಾಗದದ ಹಾಗಿದ್ದವು. ಎರಡು ಗಂಟೆಯ ಹಿಂದೆ ಇದೇ ಕೈಯನ್ನು ತನ್ನ ಕೈಯಲ್ಲಿ ಹಿಡಿದಿದ್ದಳು.

"ಬೆಳಿಗ್ಗೆ ಕೊಟ್ಟ ಚೀಟಿ ನಿಮ್ಮದಲ್ಲ. ನಿಮ್ಮ ರಕ್ತ ತುಂಬಾ ಕಡಿಮೆ ಆಗಿದೆ. ಎಲ್ಲೋ ಒಳಗೇ ಸೋರಿಹೋಗ್ತಿರಬಹುದು, ಡಾಕ್ಟರು ಇವತ್ತೇ ನೋಡಬೇಕು. ತಪ್ಪು ನನ್ನದು."

"ಸರದಿ ಬಿಟ್ಟುಕೊಟ್ಟಿದ್ದು ನಾನಲ್ವಾ?"

"ಅದು ತಪ್ಪಲ್ಲ. ನಾನು ನಿಮ್ಮನ್ನ ನೋಡ್ಲೇ ಇಲ್ಲ."

ಅವನು ಒಮ್ಮೆ ಬಸ್ಸಿನೊಳಗೆ ನೋಡಿದ. ಆಮೇಲೆ ದನಿ ತಗ್ಗಿಸಿ, "ನಿನ್ನೆ ಎರಡು ಸಲ ಕಣ್ಣು ಕತ್ತಲೆ ಬಂತು," ಎಂದ. "ಡಿಪೋವರೆಗಾದ್ರೂ ಓಡಿಸಬಹುದಾ?"

"ಬೇಡ."

ಅವನು ಕೀಲಿ ತೆಗೆದ. ಡಿಪೋಗೆ ಫೋನು ಮಾಡಿ ಬೇರೆ ಡ್ರೈವರನ್ನು ಕಳಿಸಲು ಹೇಳಿದ. ಆಮೇಲೆ ಬಸ್ಸಿನೊಳಗೆ ತಲೆ ಹಾಕಿ ತಾನೇ ಸಾರಿದ: "ಕೇಳಿ, ನನ್ನ ರಕ್ತದ ಟ್ಯಾಂಕು ಅರ್ಧಕ್ಕೆ ಇಳಿದಿದೆಯಂತೆ. ಇನ್ನೊಬ್ಬ ಬರೋವರೆಗೆ ಕಾಯ್ಬೇಕು. ಇಪ್ಪತ್ತು ನಿಮಿಷ."

ಈಗ ಗದ್ದಲವೇಳುತ್ತದೆಂದು ಅವಳು ಕಿವಿ ಮುಚ್ಚಿಕೊಳ್ಳಲು ಸಿದ್ಧಳಾಗಿ ನಿಂತಳು. ಮಹಾನಗರದಲ್ಲಿ ಹಳಿಯ ಮೇಲೆ ಯಾರೋ ಬಿದ್ದು ರೈಲು ನಿಂತ ದಿನ ಬೋಗಿಯಲ್ಲಿದ್ದವರೆಲ್ಲ ಗಡಿಯಾರ ನೋಡಿಕೊಂಡಿದ್ದರು. ಅವಳೂ ನೋಡಿಕೊಂಡಿದ್ದಳು.

ಮುಂದಿನ ಸೀಟಿನ ಅಜ್ಜಿ ಎದ್ದು ನಿಂತಳು. "ಎಷ್ಟು ದಿನದಿಂದ ಬಡ್ಕೋತಿದೀನಿ, ಮುಖ ಸುಣ್ಣ ಬಳಿದ ಗೋಡೆ ಹಾಗಾಗಿದೆ ಕಣೋ ಅಂತ! ಕೇಳ್ತಾನಾ? 'ಕ್ರೀಮು ಹಚ್ಚಿದೀನಿ ಅಜ್ಜಿ' ಅಂತ ಹಲ್ಲು ಕಿರೀತಾನೆ. ಇಳೀರೋ ಎಲ್ಲ. ಇವನನ್ನ ಒಬ್ಬನೇ ಬಿಟ್ರೆ ದಾರೀಲಿ ಬೀಳ್ತಾನೆ."

ಇಳಿದರು. ಎಲ್ಲರೂ ಅಲ್ಲ. ಹೊರೆಯಿದ್ದವರು ಕೂತೇ ಇದ್ದರು, ಒಬ್ಬಾತ ನಿದ್ದೆಯಲ್ಲಿದ್ದ. ಆರೇಳು ಜನ ಮಾತ್ರ ಇಳಿದರು. ಒಬ್ಬರು ಡ್ರೈವರಿನ ಚೀಲ ಹಿಡಿದರು, ಇನ್ನೊಬ್ಬರು ತೋಳು ಹಿಡಿದರು. ಅಜ್ಜಿ ಎಲ್ಲರಿಗೂ ಮುಂದೆ. ನಾಲ್ಕು ನಿಮಿಷದ ಹಾದಿ. ಅವಳು ಹಿಂದಿನಿಂದ ನಡೆದಳು. ಸೂಜಿಯಿಲ್ಲದೆ, ಮಸೂರವಿಲ್ಲದೆ, ಟಿಕೆಟಿಗೆ ಕೈ ಚಾಚುವಾಗ ನೋಡಿದ್ದಷ್ಟರಲ್ಲೇ ಅಜ್ಜಿ ಅವನ ಕಾಯಿಲೆ ಹೇಳಿದ್ದಳು. ಆ ಬಾಗಿದ ಬೆನ್ನನ್ನು ನೋಡುತ್ತಾ ಅವಳಿಗೆ ಕಣ್ಣು ತುಂಬಿ ಬಂತು.

ಆಸ್ಪತ್ರೆಯಲ್ಲಿ ಬೇಕರಿಯಮ್ಮ ಹಿಟ್ಟಿನ ಕೈಯಲ್ಲೇ ಬಂದು ಕೂತಿದ್ದಳು. ಮೇಷ್ಟ್ರು ಕರೆಸಿದ್ದರು.

"ನನ್ನ ರಕ್ತ ಹಾಕ್ಕೊಂಡು ಒಂದು ಗಂಟೆ ಬಸ್ ಓಡಿಸಿದ್ಯಂತಲ್ಲೋ, ಹೇಗಿತ್ತು?"

"ಬ್ರೇಕ್ ಹಾಕಿದ್ರೂ ನಿಲ್ತಿರ್ಲಿಲ್ಲ ಅಕ್ಕಾ."

ಇಬ್ಬರ ರಕ್ತವನ್ನೂ ಹೊಸದಾಗಿ ತೆಗೆಯಬೇಕಿತ್ತು. "ನಿಮ್ಮ ಹೆಸರು ಹೇಳಿ," ಎಂದಳು ಅವಳು ಬೇಕರಿಯಮ್ಮನಿಗೆ.

"ಅಯ್ಯೋ, ದಿನಾ ನನ್ನ ಅಂಗಡಿ ಮುಂದೇನೇ ಹಾದು ಹೋಗ್ತೀರಿ, ಬೋರ್ಡು ನೋಡಿಲ್ವಾ?"

"ನೋಡಿದೀನಿ. ಆದ್ರೂ ನೀವೇ ಹೇಳ್ಬೇಕು."

ಬೇಕರಿಯಮ್ಮ ಹೇಳಿದಳು. ಅವಳೆದುರಿಗೇ ಟ್ಯೂಬಿನ ಮೇಲೆ ಬರೆದಳು. ಆಮೇಲೆ ಡ್ರೈವರಿನದ್ದು. ಬರೆದು, ತಲೆಯೆತ್ತಿ, ಒಬ್ಬೊಬ್ಬರ ಮುಖವನ್ನೂ ಇನ್ನೊಮ್ಮೆ ನೋಡಿದಳು.

ಡಾಕ್ಟರಿಗೆ ವಿಷಯ ತಿಳಿಸಿ ಬಂದು, ಪುಸ್ತಕ ತೆರೆದು, ಆದದ್ದನ್ನು ಮೂರು ಸಾಲಿನಲ್ಲಿ ಬರೆದಳು. ಯಾರ ವ್ಯವಸ್ಥೆ, ಯಾರ ತಪ್ಪು, ಯಾವ ಹೊತ್ತಿಗೆ ಗೊತ್ತಾಯಿತು, ಗೊತ್ತು ಮಾಡಿದವರು ಯಾರು. ಕೆಳಗೆ ತನ್ನ ಸಹಿ ಹಾಕಿದಳು. ಮೂರು ಕೋಣೆ, ಏಳು ಬಾಗಿಲು ಕಣ್ಣ ಮುಂದೆ ಒಂದೊಂದಾಗಿ ಮುಚ್ಚಿಕೊಂಡವು. ಪುಸ್ತಕವನ್ನು ಮೇಷ್ಟ್ರ ಮುಂದಿಟ್ಟಳು.

ಅವರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. "ಎಲ್ಲಿ, ಆ ಕಾಗದ ಕೊಡು."

"ಯಾವುದು?"

"ದಿನಾ ಚೀಲದಲ್ಲಿಟ್ಕೊಂಡು ಓಡಾಡ್ತೀಯಲ್ಲ, ಅದು."

ಅವಳು ಕೊಟ್ಟಳು. ಹರಿದು ಹಾಕುತ್ತಾರೆಂದುಕೊಂಡಳು. ಮೇಷ್ಟ್ರು ಪೆನ್ನು ಹುಡುಕಿದರು.

"ನೀವಿಲ್ಲದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ ಮೇಷ್ಟ್ರೇ," ಎಂದಳು, ಸಹಿ ಬೇಡವೆಂದೇ ಹೇಳುವವಳ ಹಾಗೆ. "ನನಗೆ ಗಾಜು ನೋಡಿ ಜನ ಗುರುತು ಸಿಗಲ್ಲ."

"ನನಗೂ ಮೊದಲ ಆರು ವರ್ಷ ಸಿಕ್ಕಿರಲಿಲ್ಲ. ನಾನೂ ಒಂದ್ಸಲ ಅದಲುಬದಲು ಮಾಡಿದ್ದೆ." ಸಹಿ ಹಾಕುತ್ತಲೇ ಹೇಳಿದರು. "ನಾನು ಓಡಿ ಹೋಗಿರಲಿಲ್ಲ. ಪುಸ್ತಕದಲ್ಲೂ ಬರೆದಿರಲಿಲ್ಲ. ಆ ಮನೆ ಮುಂದೆ ಇವತ್ತಿಗೂ ನಾನು ಹಾದುಹೋಗಲ್ಲ, ಸುತ್ತಿ ಬರ್ತೀನಿ."

ಅವರು ಕಾಗದವನ್ನು ಅವಳ ಕಡೆ ತಳ್ಳಿ, ಕುರ್ಚಿ ಬಿಟ್ಟೆದ್ದು, "ಕೂತ್ಕೋ, ಡಾಕ್ಟರು ಕಾಯ್ತಿದಾರೆ," ಎಂದು ಬೆಂಚಿನ ಕಡೆ ಹೋದರು.

ಅವಳು ಕೂತಳು. ಡ್ರೈವರಿನ ಹೊಸ ಗಾಜಿನ ಮೇಲೆ ಎಣ್ಣೆಯ ಹನಿ ಬಿಟ್ಟು ಮಸೂರ ಇಳಿಸಿದಳು. ಬೆಳಕಿನ ದುಂಡು ವೃತ್ತದಲ್ಲಿ ಅವನ ಕಣಗಳು ಎದ್ದುಬಂದವು. ಸೋತ, ತೆಳುವಾದ, ಆದರೂ ಒಂದನ್ನೊಂದು ಬಿಡದೆ ನಿಂತ ಸಾವಿರಾರು ಕಣಗಳು. ಬಾಗಿಲಾಚೆ ಬೇಕರಿಯಮ್ಮ ತರಿಸಿದ ಬನ್ನು ಬಾಯಲ್ಲಿಟ್ಟುಕೊಂಡೇ ಅವನು ಅಜ್ಜಿಗೆ ಏನೋ ಹೇಳಿ ಗೊಳ್ಳೆಂದು ನಗಿಸುತ್ತಿದ್ದ. ಆ ನಗು ಕಿವಿಯಲ್ಲಿರುವಾಗಲೇ ಅದೇ ಮನುಷ್ಯನ ರಕ್ತ ಕಣ್ಣಲ್ಲಿತ್ತು. ಹದಿಮೂರು ವರ್ಷದಲ್ಲಿ ಹೀಗೆ ಒಮ್ಮೆಯೂ ಆಗಿರಲಿಲ್ಲ. ಅವಳು ಉಸಿರು ಬಿಗಿಹಿಡಿದು ಎಣಿಸತೊಡಗಿದಳು. ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸತೊಡಗಿದಳು.