ಹೋಗಿ ಬನ್ನಿ ಎಂದದ್ದಕ್ಕೆ

"ಈ ಮನುಷ್ಯ ಈಗ ಹೋಗ್ತಿರೋದಾ, ಬರ್ತಿರೋದಾ?"

ದರ್ಜಿ ಅಕ್ಕ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಹೊಲಿಗೆ ಯಂತ್ರ, ಅದರ ಸೂಜಿಯಡಿ ಯಾರದೋ ಷರಟಿನ ಅರ್ಧ ತೋಳು. ಕಿಟಕಿಯಾಚೆ ಗೇಟಿನ ಬಳಿ ಅತಿಥಿ ನಿಂತಿದ್ದರು. ಕೈಯಲ್ಲಿ ಚರ್ಮದ ಪೆಟ್ಟಿಗೆ, ಕುತ್ತಿಗೆಗೆ ಮಫ್ಲರು, ತಲೆಗೆ ಪ್ರಯಾಣದ ಟೋಪಿ. ಮುಖ ಬೀದಿಯ ಕಡೆ ಇದ್ದಿದ್ದರೆ ಹೊರಟಿದ್ದಾರೆ ಎನ್ನಬಹುದಿತ್ತು, ಮನೆಯ ಕಡೆ ಇದ್ದಿದ್ದರೆ ಬಂದಿದ್ದಾರೆ ಎನ್ನಬಹುದಿತ್ತು. ಅವರು ಅಡ್ಡಲಾಗಿ ನಿಂತು ಗೇಟಿನ ಚಿಲಕಕ್ಕೆ ಎಣ್ಣೆ ಬಿಡುತ್ತಿದ್ದರು. ದಿನಾ ಹೋಗಿ ಬಂದು ಹೋಗಿ ಬಂದು ಆ ಚಿಲಕ ಕಿರುಗುಟ್ಟಲು ಶುರುವಾಗಿತ್ತು.

ಎಣ್ಣೆಯ ಕೆಲಸ ಮುಗಿಸಿ, ಕೈ ಒರೆಸಿಕೊಂಡು, ಅತಿಥಿ ಬೀದಿಗಿಳಿದರು. ಮೂಲೆಯ ಔಷಧಿ ಅಂಗಡಿಯವರೆಗೆ ಹೋದರು. ಅಲ್ಲಿ ಒಂದು ಗಳಿಗೆ ನಿಂತರು. ತಿರುಗಿದರು.

"ಬಂದೆ," ಎಂದು ಒಳಗೆ ಕಾಲಿಟ್ಟು ಪೆಟ್ಟಿಗೆಯನ್ನು ಅದರ ಜಾಗದಲ್ಲಿಟ್ಟರು.

"ಬಂದ್ರಾ? ಕೂತ್ಕೊಳ್ಳಿ," ಎಂದಳು ಅಡುಗೆಮನೆಯಿಂದ ಅಕ್ಕನ ಚಿಕ್ಕಮ್ಮ. "ನಿಮ್ಮ ಪ್ರಯಾಣದಲ್ಲಿ ಇದೊಂದು ಸುಖ ನೋಡಿ, ಚಹಾ ಆರೋದಿಲ್ಲ."

ಅಕ್ಕ ತಲೆ ತಗ್ಗಿಸಿ ತೋಳು ಹೊಲಿಯತೊಡಗಿದಳು. ಭಾನುವಾರ ಹತ್ತಿರ ಬರುತ್ತಿತ್ತು. ಭಾನುವಾರ ಬಸ್ಸು ಕಡಲಿಗೆ ಹೊರಡುವುದಿತ್ತು. ಈ ಮನುಷ್ಯ ಮನೆಯಲ್ಲಿ ಇರುವತನಕ ಆ ಬಸ್ಸಿನಲ್ಲಿ ಅವಳಿಗೆ ಸೀಟು ಇಲ್ಲ.

ಅವಳಿದ್ದ ಕೂಟದ ಹೆಸರು ಪ್ರವಾಸಿ ಗೆಳೆಯರ ಕೂಟ. ಕನ್ನಡಕದಂಗಡಿಯ ಮೇಲಿನ ಕೋಣೆಯಲ್ಲಿ ಸೇರುತ್ತಿತ್ತು. ಗೋಡೆಯ ತುಂಬ ಭೂಪಟಗಳು, ಮೂಲೆಯಲ್ಲೊಂದು ಗೋಳ, ಗೆಳೆಯರ ಕಾಲಲ್ಲಿ ದೂರ ನಡೆಯಲಿಕ್ಕೆಂದೇ ಕೊಂಡ ಬೂಟುಗಳು. ಆದರೆ ಕೂಟ ಎಲ್ಲಿಗೂ ಹೋಗಿದ್ದನ್ನು ಕಂಡವರಿಲ್ಲ. ಮುಂದಿನ ಕೂಟದಲ್ಲಿ ಎಲ್ಲಿಗೆ ಹೋಗಬೇಕೆಂದು ಚರ್ಚಿಸಬೇಕು ಎಂದು ಈ ಕೂಟದಲ್ಲಿ ಚರ್ಚೆಯಾಗುತ್ತಿತ್ತು. ಅದಕ್ಕೆ ತಿಂಡಿ ಯಾರು ತರಬೇಕು ಎನ್ನುವುದರಲ್ಲಿ ಹೊತ್ತು ಕಳೆದು ಎಲ್ಲರೂ ದಣಿದು ಮನೆಗೆ ಹೋಗುತ್ತಿದ್ದರು. ಹೀಗಿರುವಾಗ ಅಧ್ಯಕ್ಷರು ಕಡಲಿಗೆ ನಿಜವಾಗಿ ಬಸ್ಸು ಗೊತ್ತುಮಾಡಿದ್ದು ಹೇಗೆಂದು ಯಾರಿಗೂ ತಿಳಿಯದು. ಬಾಯಿತಪ್ಪಿ ಆಗಿಹೋಯಿತು ಎಂದು ಕೆಲವರು ಹೇಳುತ್ತಾರೆ.

ಅಧ್ಯಕ್ಷರು ಹಲ್ಲಿನ ಡಾಕ್ಟರು. ಬಾಯಿ ತೆರೆದುಕೊಂಡು ಮಲಗಿದವರ ಜೊತೆ ಮಾತಾಡಿಯೇ ಅವರಿಗೆ ಅಭ್ಯಾಸ. ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಹೇಳಿಬಿಡುತ್ತಿದ್ದರು. ಬೇರೆ ದೇಶದ ಗೆಳೆಯರ ಕೂಟದವರೊಬ್ಬರು ಬರುತ್ತಾರೆ, ಅವರನ್ನು ಮನೆಯಲ್ಲಿ ಇಟ್ಟುಕೊಳ್ಳುವವರು ಯಾರು ಎಂದು ಕೇಳಿದಾಗಲೂ ಹಾಗೆಯೇ ಆಯಿತು. ಅಕ್ಕನಿಗೆ ತೊಂದರೆ ಇದೆಯೇ, ಇಲ್ಲ, ಒಳ್ಳೆಯದಾಯಿತು, ಎಂದು ಒಂದೇ ಉಸಿರಿನಲ್ಲಿ ಮುಗಿಸಿದರು. ಅಕ್ಕ ಹೇಳಿದ್ದು "ನೋಡೋಣ" ಅಂತ ಮಾತ್ರ.

ಅವಳ ಬಾಯಿಂದ ಬರುತ್ತಿದ್ದ ಅತಿ ಖಡಕ್ಕಾದ ಮಾತೇ ಅದು. ಆಗುವುದಿಲ್ಲ ಎನ್ನುವುದು ಅವಳಿಗೆ ಬರುತ್ತಿರಲಿಲ್ಲ. ನಾಳೆಗೇ ಬೇಕು ಎಂದು ಪ್ಯಾಂಟು ತಂದು ಸುರಿದವರಿಗೂ ನೋಡೋಣ, ಹಳೆಯ ಪರದೆಯಲ್ಲಿ ಕೋಟು ಹೊಲಿದುಕೊಡಿ ಎಂದವರಿಗೂ ನೋಡೋಣ. ಹಾಗಾಗಿ ಇಡೀ ಬೀದಿಯ ಬಟ್ಟೆ ಅವಳ ಮನೆಯಲ್ಲಿ ಗುಡ್ಡೆ ಬಿದ್ದಿತ್ತು. ಅವಳು ಆ ಗುಡ್ಡೆಯ ಹಿಂದೆ ಕೂತು, ಹುಟ್ಟಿದ ಮನೆಯಲ್ಲೇ ತಲೆ ನರೆಯುವಷ್ಟು ಕಾಲ ಹೊಲಿದಿದ್ದಳು. ಎಲ್ಲಿಗೂ ಹೋದವಳಲ್ಲ.

ಕೂಟ ಸೇರಿದ್ದು ಕಡಲಿಗಾಗಿ. ಅವಳ ಅಪ್ಪ, ಅವರೂ ದರ್ಜಿಯೇ, ಸಂಜೆ ಕತ್ತರಿ ಕೆಳಗಿಟ್ಟು ಕೈಕಾಲು ತೊಳೆದು ರಾಗವಾಗಿ ಪದ್ಯ ಓದುತ್ತಿದ್ದರು. ಕಡಲು ಎಂಬ ಮಾತು ಬಂದಲ್ಲಿ ಅವರ ದನಿ ಇಳಿದು, ಒಂದು ಉಸಿರು ತಡೆದು, ಮತ್ತೆ ಏಳುತ್ತಿತ್ತು. ಮಡಿಲಲ್ಲಿ ತಲೆಯಿಟ್ಟು ಕೇಳುತ್ತಿದ್ದ ಮಗಳಿಗೆ ಆ ತಡೆದ ಉಸಿರಿನೊಳಗೇ ನೀರೆಲ್ಲ ಇದ್ದಂತೆ ಅನ್ನಿಸುತ್ತಿತ್ತು. ನೀವು ಕಡಲು ನೋಡಿದೀರಾ ಅಪ್ಪ ಎಂದು ಒಮ್ಮೆ ಕೇಳಿದ್ದಳು. ಓದಿದೀನಲ್ಲ, ಎಂದಿದ್ದರು. ಓದಿದವರು ಹೋದರು. ನೋಡುವುದು ಇವಳ ಪಾಲಿಗೆ ಉಳಿದಿತ್ತು.

ಬಂದ ಅತಿಥಿ ಗಡಿಯಾರ ರಿಪೇರಿ ಮಾಡಿ ಬದುಕಿದವರು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು. ಒಂದೊಂದು ಮಾತನ್ನೂ ಚಿಮಟದಲ್ಲಿ ಹಿಡಿದು, ಬೆಳಕಿಗೆ ತೋರಿಸಿ, ಅದರ ಜಾಗದಲ್ಲೇ ಕೂರಿಸುತ್ತಿದ್ದರು. ಒಳ್ಳೆಯವರು. ಚಿಕ್ಕಮ್ಮನ ಕೆಟ್ಟ ಗಡಿಯಾರ ನಡೆಯುವಂತೆ ಮಾಡಿದರು, ಹೊಲಿಗೆ ಯಂತ್ರದ ಬಾಬಿನ್ನು ದಾರ ಕಡಿಯುವುದನ್ನು ನಿಲ್ಲಿಸಿದರು. ಇರಬೇಕಾದಷ್ಟು ದಿನ ಇದ್ದರು. ಹೊರಡುವ ದಿನ ಕೂಟದವರೆಲ್ಲ ಬೂಟು ಹಾಕಿಕೊಂಡು ಗೇಟಿನ ಮುಂದೆ ಸೇರಿದರು. ಅತಿಥಿ ಎಲ್ಲರಿಗೂ ಕೈಮುಗಿದರು. ಎಲ್ಲರೂ ಒಟ್ಟಿಗೇ, ತುಂಬಿದ ಮನಸ್ಸಿನಿಂದ, "ಹೋಗಿ ಬನ್ನಿ" ಎಂದರು.

ಅತಿಥಿ ಔಷಧಿ ಅಂಗಡಿಯವರೆಗೆ ಹೋದರು. ಬಂದರು.

ಏನೋ ಮರೆತಿದ್ದಾರೆ ಎಂದುಕೊಂಡು ಕೂಟದವರು ಮತ್ತೊಮ್ಮೆ ಹೋಗಿ ಬನ್ನಿ ಎಂದರು. ಅತಿಥಿ ಮತ್ತೊಮ್ಮೆ ಹೋಗಿ ಬಂದರು. ಬಿಸಿಲೇರುವ ಹೊತ್ತಿಗೆ ಕೂಟದವರಿಗೆ ಕಾಲು ನೋಯತೊಡಗಿತು. ಅತಿಥಿಗೆ ಆಯಾಸವೇ ಇರಲಿಲ್ಲ. ಕಣ್ಣಂಚಿನಲ್ಲಿ ನೀರು ಬೇರೆ. ತಮ್ಮ ದೇಶದಲ್ಲಿ ಹೊರಟವರಿಗೆ ಹೋಗು ಎಂದುಬಿಡುತ್ತಾರಂತೆ, ಅಲ್ಲಿಗೆ ಮುಗಿಯಿತಂತೆ. ಇಷ್ಟು ಸಲ ತಮ್ಮನ್ನು ಬಾ ಎಂದು ಕರೆದವರನ್ನು ಈ ಜನ್ಮದಲ್ಲಿ ಕಂಡಿರಲಿಲ್ಲವಂತೆ.

ಬೀದಿಯವರು ಅವರಿಗೆ ಹೋಗ್ಬನ್ನಿ ಸಾಹೇಬರು ಎಂದು ಹೆಸರಿಟ್ಟರು.

ಕೂಟ ತುರ್ತಾಗಿ ಸೇರಿತು. ಅತಿಥಿಯನ್ನು ಬೀಳ್ಕೊಡುವ ತನಕ ಮನೆಯವರಿಗೆ ಪ್ರವಾಸದಲ್ಲಿ ಸೀಟಿಲ್ಲ ಎನ್ನುವುದು ಅಧ್ಯಕ್ಷರೇ ಮಾಡಿದ ನಿಯಮ. ನಿಯಮ ಮುರಿದರೆ ಕೂಟಕ್ಕೆ ಇನ್ನೇನು ಉಳಿಯಿತು ಎಂದು ಕೇಳಿ, ಏನೂ ಇಲ್ಲ ಎಂದು ಅವರೇ ಹೇಳಿದರು. ಆಮೇಲೆ ಉಪಾಯವನ್ನೂ ಕಂಡುಹಿಡಿದರು. ಯಾರಾದರೊಬ್ಬರು ಬರೀ "ಹೋಗಿ" ಎಂದು ಹೇಳಿ ನಿಲ್ಲಿಸಿದರೆ ಸಾಕು.

ಹೇಳುವವರು ಯಾರು? ಒಬ್ಬರಿಗೆ ಗಂಟಲು ಸರಿಯಿರಲಿಲ್ಲ. ಮತ್ತೊಬ್ಬರ ಮನೆಯಲ್ಲಿ ಸೊಸೆ ಬಸುರಿ; ಇಂಥ ಮಾತು ಆಡಲಾರರು. ಇನ್ನೊಬ್ಬರು ತೊಲಗಿ ಎನ್ನಲು ತಯಾರಿದ್ದರು, ಹೋಗಿ ಎನ್ನಲಾರೆ ಎಂದರು. ಕೊನೆಗೆ ಅಧ್ಯಕ್ಷರೇ ಮುಂದಾದರು. ಆಸ್ಪತ್ರೆಯಲ್ಲಿ ಬಾಯಿ ತೆರೆದು ಮಲಗಿದವರ ಮೇಲೆಲ್ಲ ಹೋಗಿ, ಹೋಗಿ, ಎಂದು ಅಭ್ಯಾಸ ಮಾಡಿದರು. ಕೆಲವರು ಅರ್ಧ ಕಿತ್ತ ಹಲ್ಲಿನೊಂದಿಗೆ ಎದ್ದು ಹೋಗಿಯೇಬಿಟ್ಟರು. ಇಷ್ಟೆಲ್ಲ ಪಳಗಿ ಗೇಟಿನ ಮುಂದೆ ಬಂದು, ಎದೆ ಸೆಟೆಸಿ, "ಹೋಗಿ" ಎಂದರು. ಅತಿಥಿ ಪೆಟ್ಟಿಗೆ ಎತ್ತಿಕೊಂಡು ಹೊರಟೂಬಿಟ್ಟರು. ಔಷಧಿ ಅಂಗಡಿಯನ್ನೂ ದಾಟಿದರು. ಡಾಕ್ಟರಿಗೆ ಹೆತ್ತ ತಾಯಿ ಕಲಿಸಿದ ಮಾತು ಒಳಗಿನಿಂದ ಒದ್ದುಕೊಂಡು ಬಂತು. "ಬನ್ನಿ!" ಎಂದು ಬೀದಿಯೆಲ್ಲ ಕೇಳುವಂತೆ ಕೂಗಿದರು.

"ಬಂದೆ," ಎಂದರು ಅತಿಥಿ.

ಆ ಸಂಜೆ ಅಕ್ಕ ತಾನೇ ತಿಳಿಸಿ ಹೇಳೋಣವೆಂದು ಕೂತಳು. ಅತಿಥಿ ಅವಳ ಎದುರು ಗುಂಡಿಗಳನ್ನು ಬಣ್ಣಬಣ್ಣವಾಗಿ ವಿಂಗಡಿಸುತ್ತಿದ್ದರು.

"ಹೋಗಿ ಬನ್ನಿ ಅಂದ್ರೆ, ಹೋಗಿ ಅಂತಲೇ ಅರ್ಥ," ಎಂದಳು ಮೆಲ್ಲಗೆ.

"ಹಾಗಾದರೆ ಬನ್ನಿ ಎಂಬುದು ಏತಕ್ಕೆ?"

"ಅದು... ಬರೀ ಹೋಗಿ ಅನ್ನಬಾರದು. ಒಳ್ಳೇದಲ್ಲ."

ಅತಿಥಿ ಒಂದು ಗುಂಡಿಯನ್ನು ಬೆಳಕಿಗೆ ಹಿಡಿದು ಯೋಚಿಸಿದರು. "ಅಂದರೆ, ತಾವು ನನ್ನನ್ನು ಬನ್ನಿ ಎಂದದ್ದು ಸುಳ್ಳೇ?"

ಅಕ್ಕ ಹೌದು ಎಂದರೆ ಕೆಲಸ ಆಗುತ್ತಿತ್ತು. ನಾಳೆ ಬೆಳಿಗ್ಗೆಯೇ ಮನೆ ಖಾಲಿ, ಭಾನುವಾರ ಕಡಲು. ಆದರೆ ಹೌದು ಎಂದರೆ ಇಷ್ಟು ವರ್ಷ ಈ ಬಾಗಿಲಲ್ಲಿ ನಿಂತು ಎಷ್ಟು ಜನಕ್ಕೆ ಹಾಗೆ ಹೇಳಿದ್ದಳೋ ಅಷ್ಟೂ ಸುಳ್ಳಾಗುತ್ತಿತ್ತು. ಅಪ್ಪ ಕಡೆಯ ಸಲ ಈ ಹೊಸ್ತಿಲು ದಾಟಿದಾಗಲೂ ಅವಳು ಅದನ್ನೇ ಅಂದಿದ್ದಳು. ಆಡಿದ ಮಾತು ದೇವರ ಕಿವಿಗೂ ಬಿದ್ದಿರುತ್ತದೆ ಎಂದು ನಂಬಿದವಳು ಅವಳು.

"ಸುಳ್ಳಲ್ಲ," ಎಂದಳು.

"ಸಂತೋಷ," ಎಂದು ಅತಿಥಿ ಗುಂಡಿಯನ್ನು ನೀಲಿಯವುಗಳ ಜೊತೆ ಸೇರಿಸಿದರು.

"ನಿಮ್ಮೂರಲ್ಲಿ ಕಡಲು ಇದೆಯಾ?" ಎಂದು ಅಕ್ಕ ಕೇಳಿದಳು.

"ಮನೆಯ ಹಿಂದೆಯೇ. ಅದೂ ಹಾಗೆಯೇ. ದಿನವಿಡೀ ಹೋಗಿ ಬರುತ್ತಲೇ ಇರುತ್ತದೆ. ಅದಕ್ಕೆ ಯಾರು ಹೇಳಿದರೋ ಕಾಣೆ."

ಅಡುಗೆಮನೆಯಲ್ಲಿ ಚಿಕ್ಕಮ್ಮ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. "ಸರಿಹೋಯ್ತು. ನೀನು ಕಡಲಿಗೆ ಹೋಗೋದು ಯಾಕೆ, ಇವರನ್ನೇ ಕೂತು ನೋಡು ಕಣೆ. ಉಪ್ಪು ನಾನು ಕೊಡ್ತೀನಿ."

ಭಾನುವಾರ ಬೆಳಗಾಯಿತು. ಬಸ್ಸು ತಿರುಗಲು ಜಾಗವಿದ್ದದ್ದು ಅಕ್ಕನ ಮನೆಯ ಮುಂದೆ ಮಾತ್ರ; ಅಲ್ಲೇ ಬಂದು ನಿಂತು ಗುರುಗುಟ್ಟಿತು. ಕೂಟದವರು ಹತ್ತಿದರು. ಹತ್ತಿದ ಮೇಲೆ ನಿಜಕ್ಕೂ ಹೊರಡುತ್ತಿದ್ದೇವೆಯೇ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕ ಬೆಳಿಗ್ಗೆ ಎದ್ದು ಪ್ರಾರ್ಥನೆ ಮುಗಿಸಿ, ಇರಲಿ ಎಂದು ಒಂದು ಬಟ್ಟೆಚೀಲದಲ್ಲಿ ಒಂದು ಜೊತೆ ಉಡುಪು ಮಡಿಚಿಟ್ಟುಕೊಂಡು, ಯಂತ್ರದ ಮುಂದೆ ಕೂತಿದ್ದಳು. ಹೊಲಿಯಲು ಕೈ ಬರಲಿಲ್ಲ.

ಡಾಕ್ಟರು ಒಳಗೆ ಬಂದು ಸಮಾಧಾನ ಹೇಳಿದರು. ಬೇಸರವೇ, ಇಲ್ಲ, ಮುಂದಿನ ಸಲ ಇದ್ದೇ ಇದೆ. ಅದೂ ಅಲ್ಲದೆ ಇವತ್ತು ಮಧ್ಯಾಹ್ನ ಇನ್ನೊಂದು ಕೂಟದ ಗಂಡ ಹೆಂಡತಿ ಬರುತ್ತಾರೆ. ಅಕ್ಕನ ಮನೆಯಲ್ಲಿ ಹೇಗೂ ಅತಿಥಿ ಇದ್ದಾರೆ, ಮಾಡುವವರಿಗೆ ಒಬ್ಬರಾದರೇನು, ಮೂವರಾದರೇನು. ಕಷ್ಟವೇ, ಇಲ್ಲ.

"ನೋಡೋಣ," ಎಂದಳು ಅಕ್ಕ.

ಆ ಮಾತು ಕೇಳಿದ್ದೇ ತಡ, ಅತಿಥಿ ಕನ್ನಡಕ ಏರಿಸಿಕೊಂಡು ಅವಳ ಪಕ್ಕ ಬಂದು ನಿಂತರು. ಅವಳು ನೋಡೋಣ ಎಂದಾಗಲೆಲ್ಲ ಅವರು ಹೀಗೆ ಬಂದು ನೋಡುತ್ತಿದ್ದರು. ಇಬ್ಬರೂ ಕಿಟಕಿಯಿಂದ ನೋಡಿದರು. ಬಸ್ಸು ಕಾಣಿಸಿತು. ಕಿಟಕಿಯ ಪಕ್ಕ ಒಂದು ಸೀಟು ಖಾಲಿ ಇರುವುದು ಕಾಣಿಸಿತು.

"ನೋಡಿದೆವು," ಎಂದರು ಅತಿಥಿ. "ಈಗ?"

ಯಾರೂ ಅವಳನ್ನು ಎಂದೂ ಕೇಳದಿದ್ದ ಪ್ರಶ್ನೆ ಅದು. ನೋಡೋಣ ಎಂದಮೇಲೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ನೋಡಿ ಆದಮೇಲೆ ಏನು ಎಂದು ಅವಳಿಗೂ ಗೊತ್ತಿರಲಿಲ್ಲ. ಕೈ ತಾನಾಗಿ ಬಟ್ಟೆಚೀಲಕ್ಕೆ ಹೋಯಿತು. ಎದ್ದಳು. ಅಧ್ಯಕ್ಷರ ಪಕ್ಕದಿಂದ ದಾಟಿ, ಅಂಗಳ ದಾಟಿ, ಗೇಟು ತೆಗೆದಳು. ಎಣ್ಣೆ ಬಿದ್ದ ಚಿಲಕ ಸದ್ದೇ ಮಾಡಲಿಲ್ಲ.

ಹಿಂದಿನಿಂದ ಅತಿಥಿ ಬಾಗಿಲಿಗೆ ಬಂದರು. ಕೈಯಲ್ಲಿ ಚಹಾದ ಲೋಟ ಇತ್ತು, ತಲೆಯ ಮೇಲೆ ಟೋಪಿ ಇರಲಿಲ್ಲ. ಪಕ್ಕದಲ್ಲಿ ಸೆರಗಿಗೆ ಕೈ ಒರೆಸುತ್ತ ಚಿಕ್ಕಮ್ಮ. ಅತಿಥಿ ಗಂಟಲು ಸರಿಮಾಡಿಕೊಂಡು, ಈ ಬೀದಿಯವರೆಲ್ಲ ಸೇರಿ ಅವರಿಗೆ ಕಲಿಸಿದ್ದ ಅದೇ ಎಳೆತದಲ್ಲಿ, ಅದೇ ಪ್ರೀತಿಯಲ್ಲಿ, ಹೇಳಿದರು:

"ಹೋಗಿ ಬನ್ನಿ."

ಅಕ್ಕನ ಕಾಲು ಅಲ್ಲೇ ನಿಂತಿತು. ಆ ಮಾತನ್ನು ಅವಳು ಆಡಿದ್ದು ಎಷ್ಟು ಸಲವೋ, ಕೇಳಿಸಿಕೊಂಡಿರಲಿಲ್ಲ. ಎಲ್ಲಿಗೂ ಹೋಗದವಳಿಗೆ ಯಾರು ಹೇಳುತ್ತಾರೆ? ಮೊದಲರ್ಧ ಬೆನ್ನಿಗೆ ಕೈಯಿಟ್ಟು ತಳ್ಳಿದಂತಾಯಿತು, ಉಳಿದರ್ಧ ಸೆರಗು ಹಿಡಿದಂತಾಯಿತು. ನಡುವೆ ಅಪ್ಪ ತಡೆಯುತ್ತಿದ್ದ ಉಸಿರಿನಷ್ಟೇ ಜಾಗ.

"ಬರ್ತೀನಿ," ಎಂದಳು. ಹೋಗಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು.

ಡಾಕ್ಟರು ಓಡಿ ಬಂದರು. ನಿಯಮ ಏನಾಯಿತು ಎಂದು ಕೇಳಿದರು; ತಾವೇ ಉತ್ತರ ಹೇಳುವಷ್ಟರಲ್ಲಿ ಅಕ್ಕನೇ ಹೇಳಿಬಿಟ್ಟಳು. ಅವರ ಜೀವಮಾನದಲ್ಲಿ ಅದು ಮೊದಲ ಸಲ.

"ಬೀಳ್ಕೊಡುಗೆ ಆಯ್ತಲ್ಲ ಡಾಕ್ಟ್ರೇ. ಒಬ್ಬರು ಬಾಗಿಲಲ್ಲಿ ನಿಂತ್ರು, ಒಬ್ಬರು ಬೀದಿಗಿಳಿದ್ರು. ಯಾರು ಇಳೀಬೇಕು ಅಂತ ನೀವು ಹೇಳಿರಲಿಲ್ಲ."

ಬಸ್ಸಿನಲ್ಲಿ ಚರ್ಚೆ ಎದ್ದಿತು. ಅದು ಬೀಳ್ಕೊಡುಗೆಯೇ ಹೌದು ಎಂದು ಕಾಲು ನೋವಿನವರು ಹೇಳಿದರು. ಮನೆಯವರೇ ಹೊರಟರೆ ಮನೆಯಲ್ಲಿ ಉಳಿದವರು ಅತಿಥಿ ಹೇಗಾಗುತ್ತಾರೆ ಎಂದು ತೊಲಗಿ ಎನ್ನಲು ತಯಾರಿದ್ದವರು ಕೇಳಿದರು. ಇದನ್ನು ಮುಂದಿನ ಕೂಟದಲ್ಲಿ ತೀರ್ಮಾನಿಸೋಣ, ಅಲ್ಲಿಯತನಕ ಬಸ್ಸು ನಿಲ್ಲಲಿ ಎಂದರು ಮತ್ತೊಬ್ಬರು. ಹಲವರ ಮುಖದಲ್ಲಿ ನೆಮ್ಮದಿ ಮೂಡಿತು. ಡ್ರೈವರ್ ಎಂಜಿನ್ ಆರಿಸಲು ಕೈ ಚಾಚಿದ.

ಡಾಕ್ಟರು ಕಿಟಕಿಯ ಕೆಳಗೆ ನಿಂತು ದನಿ ಮೆತ್ತಗೆ ಮಾಡಿದರು. ಬಾಯಿ ತೆರೆಯಿರಿ, ನೋವಾಗುವುದಿಲ್ಲ ಎನ್ನುವಾಗ ಅವರು ಮಾಡುವ ದನಿ ಅದು. "ಜಗಳ ಯಾಕೆ ಅಕ್ಕ, ನಾವೇನು ಬೇರೆಯವರಾ? ಮಧ್ಯಾಹ್ನ ಬರೋರನ್ನ ನೋಡ್ಕೊಳ್ಳೋದು ಹೇಗೆ, ಮಾತಾಡೋಣ. ಒಂದೇ ಒಂದು ನಿಮಿಷ. ಇಳಿದು ಬನ್ನಿ."

ಇಳಿದು ಬನ್ನಿ. ಅಕ್ಕ ಆ ಮಾತನ್ನು ಬೆಳಕಿಗೆ ಹಿಡಿದು ನೋಡಿದಳು. ಅದರಲ್ಲಿ ಇಳಿ ಎನ್ನುವುದು ಎಷ್ಟು, ಬನ್ನಿ ಎನ್ನುವುದು ಎಷ್ಟು ಎಂದು ಅವಳಿಗೆ ಚೆನ್ನಾಗಿ ಕಂಡಿತು. ಬಾಗಿಲಲ್ಲಿ ಅತಿಥಿ ಲೋಟ ಹಿಡಿದು, ಅವಳು ಹೋಗುವುದನ್ನೇ ಕಾಯುತ್ತ ನಿಂತಿದ್ದರು.

ಬಟ್ಟೆಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ಇಳಿಯಲ್ಲ," ಎಂದಳು.